ಹಿಂದಿನ ಕೋಣೆಯ ದೀನಮ್ಮ

ಆ ಮನೆಯ ವಾಸನೆ ರಾಹೇಲ್ ಟೀಚರಿಗೆ ಮೊದಲ ಗುರುವಾರವೇ ಮೂಗಿಗೆ ಬಡಿದಿತ್ತು. ದರ್ಬೆಯ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ಗ್ರಾನೈಟ್ ಹಾಸಿದ ಎರಡಂತಸ್ತಿನ ಮನೆ ಅದು. ಬಾಗಿಲು ದಾಟಿದೊಡನೆ ಮಲ್ಲಿಗೆಯ ರೂಂ ಫ್ರೆಶ್‌ನರ್, ಅದರ ಹಿಂದೆ ಫಿನಾಯಿಲು, ಫಿನಾಯಿಲಿನ ಹಿಂದೆ ಇನ್ನೇನೋ, ಎಲ್ಲೋ ಇಲಿ ಸತ್ತು ಎರಡು ದಿನವಾದಂಥದ್ದು.

"ಟಾಯ್ಲೆಟ್ ಪಿಟ್ಟಿನದ್ದು ಟೀಚರ್, ಕ್ಲೀನ್ ಮಾಡುವವ ಬರ್ಲೇ ಇಲ್ಲ" ಎಂದಿದ್ದಳು ಮನೆಯೊಡತಿ ಪ್ರಫುಲ್ಲಾ. ಟೀಚರು ನಂಬಿದ್ದರು. ನಂಬುವುದು ಸುಲಭವಾಗಿತ್ತು.

ಅಲ್ಲೇ ಹತ್ತಿರದ ಸವಣೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ರಾಹೇಲ್ ಟೀಚರು ಈಗ ಪ್ರತಿ ಗುರುವಾರ ಚರ್ಚಿನ ಸಭೆಯವರಿಗೆ ಸತ್ಯವೇದದ, ಅಂದರೆ ಬೈಬಲಿನ, ತರಗತಿ ನಡೆಸುತ್ತಿದ್ದರು. ಚರ್ಚಿನ ಹಾಲ್ ರಿಪೇರಿಗೆ ಬಿದ್ದಾಗ, "ನಮ್ಮ ಹಾಲ್ ಉಂಟಲ್ಲ, ಅಲ್ಲೇ ಮಾಡುವ" ಎಂದು ಮುಂದೆ ಬಂದವನು ಪ್ರಫುಲ್ಲಾಳ ಗಂಡ ಜಯಶೀಲ. ಕಟ್ಟಡದ ಕಂಟ್ರಾಕ್ಟರು. ಚರ್ಚಿಗೆ ಹೊಸ ಗಂಟೆಗೋಪುರ ಕಟ್ಟಿಸಿಕೊಟ್ಟವನೂ ಅವನೇ. ಗೋಪುರದ ಬುಡದಲ್ಲಿ ಕಪ್ಪು ಕಲ್ಲಿನ ಮೇಲೆ ಅವನ ತಾಯಿ ದೀನಮ್ಮನವರ ಹೆಸರು ಕೆತ್ತಿ, ಉದ್ಘಾಟನೆಗೆಂದು ಬಟ್ಟೆ ಮುಚ್ಚಿ ಇಟ್ಟಿದ್ದರು. ದೀನಮ್ಮ ಮಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾರೆಂದು ಎಲ್ಲರೂ ತಿಳಿದಿದ್ದರು.

ಹಾಗೆ ನೋಡಿದರೆ ದೀನಮ್ಮ ಇಲ್ಲದ್ದು ಟೀಚರಿಗೆ ಒಂದು ಸಮಾಧಾನವೇ ಆಗಿತ್ತು. ಟೀಚರ ತಾಯಿ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. "ಅಡಿಗೆಯವಳ ಮಗಳಿಗೆ ಮುಂದಿನ ಸಾಲು ಎಂತಕ್ಕೆ?" ಎಂದು ಹದಿನಾಲ್ಕು ವರ್ಷದ ರಾಹೇಲಳನ್ನು ಗಾಯನ ಮಂಡಳಿಯ ಎದುರಿನ ಸಾಲಿನಿಂದ ಕೈ ಹಿಡಿದು ಹಿಂದಕ್ಕೆ ಎಳೆದವರು ಇದೇ ದೀನಮ್ಮ.

ನಾಲ್ಕನೆಯ ಗುರುವಾರ ಹನ್ನೊಂದು ಜನ ಸೇರಿದ್ದರು. ಅಂದಿನ ಪಾಠ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯ. ಕೈ ತೊಳೆಯದೆ ಊಟಕ್ಕೆ ಕೂತ ಶಿಷ್ಯರ ಮೇಲೆ ದೊಡ್ಡ ಮನುಷ್ಯರು ದೂರು ಹೇಳುತ್ತಾರೆ. ಯೇಸು ಅವರಿಗೇ ತಿರುಗಿ ಬೀಳುತ್ತಾನೆ. ಹೆತ್ತವರಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಕೊಟ್ಟಾಯಿತು ಎಂದು ಹೇಳಿ ಕೈತೊಳೆದುಕೊಳ್ಳುವ ಜನ ನೀವು, ಎನ್ನುತ್ತಾನೆ. ಟೀಚರು ಓದಿಸಿದರು, ಅರ್ಥ ಬಿಡಿಸಿದರು. ಕೊನೆಗೆ ಎಂದಿನಂತೆ, "ಇದನ್ನು ನಾಳೆ ಬೆಳಿಗ್ಗೆ ನಾವು ಎಲ್ಲಿ ಮಾಡುದು? ಒಬ್ಬೊಬ್ಬರಾಗಿ ಹೇಳಿ" ಎಂದರು. ಅವರೆಲ್ಲ ಹೇಳತೊಡಗಿದಾಗ, ಸಕ್ಕರೆ ಕಾಯಿಲೆಯ ಟೀಚರು ಬಾತ್‌ರೂಮಿಗೆಂದು ಎದ್ದರು.

ಹಾಲಿನ ಪಕ್ಕದ್ದಕ್ಕೆ ಒಳಗಿನಿಂದ ಚಿಲಕ ಹಾಕಿತ್ತು. ಹಿಂದುಗಡೆ ಇನ್ನೊಂದು ಇರಬಹುದೆಂದು ಅಡುಗೆಮನೆ ದಾಟಿ ಹೋದರು. ಓಣಿಯ ಕೊನೆಯಲ್ಲಿ ಒಂದು ಬಾಗಿಲು. ಹೊರಗಿನಿಂದ ಚಿಲಕ. ಕೆಳಗಿನ ಸಂದಿಗೆ ಹಳೆಯ ಟವೆಲನ್ನು ಒತ್ತಿ ತುರುಕಿದ್ದರು. ಬಾತ್‌ರೂಮಿಗೆ ಯಾರು ಹೀಗೆ ಮಾಡುತ್ತಾರೆ ಎಂದು ಯೋಚಿಸುವಷ್ಟರಲ್ಲಿ ಕೈ ಚಿಲಕ ಎಳೆದಾಗಿತ್ತು.

ವಾಸನೆ ಮುಖಕ್ಕೆ ಒದ್ದೆ ಗೋಣಿಯ ಹಾಗೆ ಬಂದು ಬಿತ್ತು. ಕಿಟಕಿ ಮುಚ್ಚಿತ್ತು. ಮಂಚದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಣ್ಣವೇ ತಿಳಿಯದ ಬಟ್ಟೆ, ಬಟ್ಟೆಯ ನಡುವೆ ಒಂದು ಮೂಳೆಯ ಗೂಡು. ಸ್ಟೂಲಿನ ಮೇಲಿನ ಗಂಜಿಯ ಮೇಲೆ ಇರುವೆ ಸಾಲು. ಸೊಂಟದ ಹತ್ತಿರ ಬಟ್ಟೆ ಸರಿದಿದ್ದಲ್ಲಿ, ಮಲಗಿ ಮಲಗಿ ಆದ ಹುಣ್ಣು ಅಂಗೈಯಗಲ ತೆರೆದುಕೊಂಡಿತ್ತು. ಹುಣ್ಣಿನ ಒಳಗೆ ಏನೋ ಮಿಸುಕುತ್ತಿತ್ತು. ಟೀಚರು ಅದು ಏನೆಂದು ತಿಳಿದ ಮೇಲೂ ಒಂದು ಕ್ಷಣ ನೋಡುತ್ತಲೇ ನಿಂತರು.

"ಯಾರು?" ಎಂದಿತು ಗೂಡು. ಆ ಸ್ವರವನ್ನು ಗುರುತು ಹಿಡಿಯಲು ಟೀಚರಿಗೆ ಕಷ್ಟವಾಗಲಿಲ್ಲ. "ಬಾಗಿಲು ಹಾಕು ಮಾರಾಯ್ತಿ. ಪ್ರಾರ್ಥನೆ ಉಂಟಂತೆ. ನಾನು ಮಾತಾಡ್ಲಿಕ್ಕಿಲ್ಲ."

ಟೀಚರು ಅಡುಗೆಮನೆಯ ಸಿಂಕಿಗೆ ಓಡಿ ವಾಂತಿ ಮಾಡಿದರು. ತಲೆಯೆತ್ತಿದಾಗ ಪ್ರಫುಲ್ಲಾ ಗೋಳಿಬಜೆಯ ತಟ್ಟೆ ಹಿಡಿದು ನಿಂತಿದ್ದಳು. ಮುಖ ಬಿಳಿಚಿತ್ತು. ಆದರೆ ತಟ್ಟೆ ಕೈಯಿಂದ ಜಾರಲಿಲ್ಲ.

ಹಾಲಿಗೆ ಮರಳುವಾಗ ಜಯಶೀಲನ ಸರದಿ ನಡೆದಿತ್ತು. "ನಾವು ಕೊಡುದು ದೇವರಿಗೆ ಕಾಣ್ತದೆ. ಆದ್ರೆ ತಂದೆತಾಯಿಯ ಕಣ್ಣೀರು ಅದಕ್ಕಿಂತ ಮೊದಲು ಕಾಣ್ತದೆ. ಆ ಕಾಲದ ಯೆಹೂದ್ಯರಿಗೆ ಅದು ಗೊತ್ತಿರ್ಲಿಲ್ಲ" ಎನ್ನುತ್ತಿದ್ದ. ಎರಡು ಮೂರು ತಲೆಗಳು ಹೌದೆಂದು ಆಡಿದವು. ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

"ಜಯಶೀಲ, ನಿನ್ನ ಅಮ್ಮ ಎಲ್ಲಿ?"

"ಅಮ್ಮ? ತಂಗಿಯ ಮನೇಲಿ, ಮಂಗಳೂರಲ್ಲಿ..."

"ನಾನು ಈಗ ನೋಡಿ ಬಂದೆ. ಹಿಂದಿನ ಕೋಣೇಲಿ. ಅವರ ಮೈಯಲ್ಲಿ ಹುಳ ಆಗಿದೆ."

ಜಯಶೀಲ ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಡತಿಯ ಕಡೆ ತಿರುಗಿದ. ಮಾತಾಡಿದವಳು ಪ್ರಫುಲ್ಲಾ. "ನಮ್ಮ ಕಷ್ಟ ನಿಮಗೆ ಎಂತ ಗೊತ್ತು ಟೀಚರ್? ಅವರ ಬಾಯಿ ನಿಮಗೆ ಗೊತ್ತಿಲ್ವಾ? ಮೂರು ಜನ ಹೋಂ ನರ್ಸ್ ಬಿಟ್ಟು ಹೋದ್ರು. ಒಬ್ಬಳಿಗೆ ಉಗುಳಿದ್ರು. ಇವರ ತಂಗಿ ಫೋನೇ ತೆಗಿಯುದಿಲ್ಲ. ಎಲ್ಲಾ ನನ್ನ ತಲೆಗೆ. ನೀವೊಮ್ಮೆ ಮಾಡಿ ನೋಡಿ, ಆಮೇಲೆ ಮಾತಾಡಿ!"

ಅದರಲ್ಲಿ ಸುಳ್ಳಿರಲಿಲ್ಲ. ಅದೇ ಟೀಚರಿಗೆ ಇನ್ನಷ್ಟು ಹೇಸಿಗೆ ತಂದಿತು. ಕಷ್ಟ ನಿಜ, ಆದರೆ ಆ ಟವೆಲೂ ನಿಜವಲ್ಲವೇ? ಅದನ್ನು ಅಷ್ಟು ನೀಟಾಗಿ ಒತ್ತಿಟ್ಟವರು ಯಾರೋ ಒಬ್ಬರು ಮೊಣಕಾಲೂರಿ ಕೂತಿರಬೇಕಲ್ಲ?

"ಬಿಸಿನೀರು ಕೊಡು. ಹಳೆ ಬಟ್ಟೆ ಕೊಡು, ಇದ್ದಷ್ಟು" ಎಂದರು. ಕುಳಿತವರಲ್ಲಿ ಎದ್ದವಳು ಒಬ್ಬಳೇ, ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಸುಪ್ರಿತಾ. ಉಳಿದವರಲ್ಲಿ ಒಬ್ಬರು ಕಡಬದ ಬಸ್ಸಿಗೆ ಹೊತ್ತಾಯಿತೆಂದರು. ಇನ್ನೊಬ್ಬ ಹಿರಿಯರು, "ಮೊದಲು ಕೊನೆಯ ಪ್ರಾರ್ಥನೆ ಮಾಡಿ ಮುಗಿಸುವ, ಅರ್ಧಕ್ಕೆ ಬಿಡುದು ಸರಿಯಲ್ಲ" ಎಂದರು. ಅದೂ ಆಯಿತು. ಹಿಂದಿನ ಕೋಣೆಯಲ್ಲಿ ಸುಪ್ರಿತಾ ಆಂಬುಲೆನ್ಸಿಗೆ ಫೋನ್ ಮಾಡಿ, ಇಬ್ಬರೂ ಸೇರಿ ಮುದುಕಿಯನ್ನು ಮಗ್ಗುಲಿಗೆ ಹೊರಳಿಸುವಾಗ ಹಾಲಿನಿಂದ "ಆಮೆನ್" ಕೇಳಿಸಿತು. ಅದರ ಬೆನ್ನಿಗೇ ಕಪ್-ಬಸಿಗಳ ಸದ್ದು. ಅವರು ಕಾಫಿ ಕುಡಿಯುತ್ತಿದ್ದರು! ಟೀಚರು ಬಟ್ಟೆ ಅದ್ದಿ ಹುಣ್ಣಿನ ಅಂಚು ಒರೆಸತೊಡಗಿದರು.

ದೀನಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ನೀನು ಅಡಿಗೆಯವಳ ಮಗಳಲ್ವಾ? ಕೈ ಎಂತ ಒರಟು ನಿಂದು!"

"ಹೌದು, ನಾನೇ" ಎಂದರು ಟೀಚರು, ಉಸಿರು ಬಿಗಿಹಿಡಿದು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, ಕಾರಿನಲ್ಲಿ ಹಿಂದೆಯೇ ಬಂದಿದ್ದ ಜಯಶೀಲ, "ನಿನ್ನೆಯಿಂದ ಸ್ವಲ್ಪ ಹೀಗೆ ಸರ್" ಎಂದ. ಡಾಕ್ಟರು ಅವನ ಮುಖ ನೋಡಿದರು, ಹುಣ್ಣು ನೋಡಿದರು. "ನಿನ್ನೆಯಿಂದ ಅಲ್ಲ ಡಾಕ್ಟರೇ" ಎಂದರು ಟೀಚರು. "ತಿಂಗಳುಗಟ್ಟಲೆ ಆಗಿರ್ಬೇಕು. ನಾನು ನಾಲ್ಕು ವಾರದಿಂದ ಆ ಮನೆಗೆ ಹೋಗ್ತಾ ಇದ್ದೇನೆ. ನನಗೂ ವಾಸನೆ ಬಂದಿತ್ತು. ಪಿಟ್ಟಿನದ್ದು ಅಂದ್ರು, ಸುಮ್ಮನಾದೆ." ಇಷ್ಟನ್ನು ಹೇಳುವಾಗ ಅವರಿಗೆ ತಮ್ಮ ಮೇಲೆಯೇ ಓಕರಿಕೆ ಬಂತು. ಗೋಡೆಯ ಆಚೆ ಮನುಷ್ಯಳೊಬ್ಬಳು ಕೊಳೆಯುತ್ತಿದ್ದಾಗ ಈಚೆ ಕೂತು ನಾಲ್ಕು ವಾರ ಸತ್ಯವೇದದ ಪದಗಳ ಅರ್ಥ ಬಿಡಿಸಿದವರು ತಾವೇ.

ಶನಿವಾರ ಚರ್ಚಿನ ಸಭಾಪಾಲಕರಾದ ಅಯ್ಯನವರು ಸವಣೂರಿನ ಟೀಚರ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಕೂತು, ಕೈಯಲ್ಲಿದ್ದ ಟೋಪಿ ತಿರುಗಿಸುತ್ತ ಹೇಳಿದರು: "ಆದದ್ದು ಆಯ್ತು ಟೀಚರ್. ನಾಳೆ ಗೋಪುರದ ಪ್ರತಿಷ್ಠೆ. ಬಿಷಪರು ಬರ್ತಾರೆ. ನೀವು ವಾಕ್ಯ ಓದ್ಬೇಕು. ದೊಡ್ಡದು ಮಾಡುದು ಬೇಡ."

"ಓದ್ತೇನೆ ಅಯ್ಯಾ. ಯಾವ ವಾಕ್ಯ ಅಂತ ನಾನೇ ಆರಿಸ್ಲಿಕ್ಕೆ ಉಂಟಾ?"

ಅಯ್ಯನವರು ತಲೆ ತಗ್ಗಿಸಿದರು. "ಬೇಡ. ಬೇರೆಯವರಿಗೆ ಹೇಳ್ತೇನೆ."

ಭಾನುವಾರ ಗಂಟೆ ಬಾರಿಸಿದರು, ಕಲ್ಲಿನ ಮೇಲಿನ ಬಟ್ಟೆ ಸರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರೆಂದು ಸುಪ್ರಿತಾ ಆಮೇಲೆ ಹೇಳಿದಳು. ಟೀಚರು ಹೋಗಿರಲಿಲ್ಲ. ಸೋಮವಾರ ಅವರು ಹಿರಿಯ ನಾಗರಿಕರ ರಕ್ಷಣೆಯ ಕಾನೂನಿನಡಿ ಒಂದು ಅರ್ಜಿ ಬರೆದು, ಡಾಕ್ಟರ ಚೀಟಿ ಲಗತ್ತಿಸಿ, ಸರಕಾರಿ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆದರು. ನೋಟೀಸು ಬಂದ ಮೇಲೆ ಜಯಶೀಲನ ತಂಗಿಯೂ ಫೋನ್ ತೆಗೆದಳು. ಮೂರು ವಾರ ಕಳೆದು ದೀನಮ್ಮ ಮನೆಗೆ ಮರಳುವಾಗ ಎದುರಿನ ಕೋಣೆಯಲ್ಲಿ, ಕಿಟಕಿಯ ಪಕ್ಕದಲ್ಲಿ ಮಂಚ ಹಾಕಿದ್ದರು. ಹಗಲಿಗೆ ಒಬ್ಬಳು ನರ್ಸು ನಿಂತಳು. ವಾರಕ್ಕೆ ಎರಡು ದಿನ ಅವಳಿಗೆ ರಜೆ. ಆ ಎರಡು ದಿನ ಟೀಚರು ಬಸ್ಸು ಹಿಡಿದು ಬರತೊಡಗಿದರು. ಜಯಶೀಲ ಅವರ ಜೊತೆ ಮಾತಾಡಲಿಲ್ಲ. ಪ್ರಫುಲ್ಲಾ ಬಿಸಿನೀರು ತಂದಿಟ್ಟು ಹೋಗುತ್ತಿದ್ದಳು. ಒಂದು ದಿನ ಹೋಗದೆ ನಿಂತು, ಬಟ್ಟೆಯ ತೋಳು ಮೇಲಕ್ಕೆ ಮಡಚಿ, ಟೀಚರು ಹೊರಳಿಸುವಾಗ ಮುದುಕಿಯ ಕಾಲು ಹಿಡಿದುಕೊಂಡಳು.

ತರಗತಿಗೆ ಈಗ ನಾಲ್ಕೇ ಜನ. ಸುಪ್ರಿತಾಳ ಮನೆಯ ಜಗಲಿಯಲ್ಲಿ ಸೇರುತ್ತಾರೆ. ಒಮ್ಮೆ ಅವಳು ಕೇಳಿದಳು: "ಟೀಚರ್, ಮಾಡ್ತಾ ಮಾಡ್ತಾ ಪ್ರೀತಿ ಬರ್ತದೆ ಅಂತಾರಲ್ಲ. ನಿಮಗೆ ಬಂತಾ?"

"ಇಲ್ಲ. ಅವರು ಈಗ್ಲೂ ಬೈತಾರೆ. ನನಗೆ ಈಗ್ಲೂ ಹೇಸಿಗೆ ಆಗ್ತದೆ. ಬೆಳಿಗ್ಗೆ ಬಸ್ ಹತ್ತುವಾಗ್ಲೇ ವಾಪಸ್ ಹೋಗುವ ಅಂತ ಆಗ್ತದೆ."

"ಮತ್ತೆ ಎಂತಕ್ಕೆ ಹೋಗುದು?"

"ಪ್ರೀತಿ ಬಂದ ಮೇಲೆ ಹೋಗುವ ಅಂತ ಕೂತ್ರೆ ಅವರ ಬೆನ್ನು ಯಾರು ಒರೆಸುದು?"

ಮರುದಿನ ಬೆಳಿಗ್ಗೆ ಹತ್ತಕ್ಕೆ ದರ್ಬೆಯಲ್ಲಿ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದೀನಮ್ಮನನ್ನು ಎಡಮಗ್ಗುಲಿಗೆ ಹೊರಳಿಸಿದರು. ಹುಣ್ಣು ಅಂಚಿನಲ್ಲಿ ತೆಳ್ಳಗೆ ಗುಲಾಬಿಯಾಗಿತ್ತು.

"ಮೆಲ್ಲ! ನಿನ್ನ ಅಮ್ಮ ಎಂತ ಕಲಿಸಿದ್ದು ನಿನಗೆ?" ಎಂದರು ದೀನಮ್ಮ.

"ಪಾತ್ರೆ ತೊಳೀಲಿಕ್ಕೆ" ಎಂದು ಟೀಚರು ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿದರು.