‘ದಯವಿಟ್ಟು’ ಆದ ಮೇಲಿನ ಗ್ಯಾಪ್

ಬೇರೆ ಮನೆಗಳಲ್ಲಿ ಅಣ್ಣತಮ್ಮಂದಿರು ಮಾತು ಬಿಡೋದಕ್ಕೆ ಆಸ್ತಿ, ಹೆಂಡಿರು, ಹೀಗೆ ಏನಾದರೂ ಒಂದು ಮರ್ಯಾದಸ್ಥ ಕಾರಣ ಇರುತ್ತದೆ. ನಮ್ಮನೆಯಲ್ಲಿ ಬಿಟ್ಟಿದ್ದು ಒಂದು ಗ್ಯಾಪಿಗೆ. ‘ದಯವಿಟ್ಟು’ ಅನ್ನೋ ಮಾತು ಮುಗಿದ ಮೇಲೆ ಮುಂದಿನ ಮಾತಿಗೆ ಮೊದಲು ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನೋದು ವಿಷಯ. ಒಂದು ಉಸಿರು ಎಳೆದುಕೊಳ್ಳುವಷ್ಟಾದರೂ ಬಿಡಬೇಕು ಅಂತ ಅಣ್ಣ. ಅಷ್ಟರಲ್ಲಿ ಬಸ್ಸು ಹೊರಟೇ ಹೋಗಿರುತ್ತೆ ಅಂತ ತಮ್ಮ. ಇಬ್ಬರ ನಡುವೆ ಹುಟ್ಟಿದ ತಪ್ಪಿಗೆ ನಾನು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ.

ನಮ್ಮದು ಧ್ವನಿಮುದ್ರಣದ ಕೆಲಸ. ಒಂದು ಸ್ಟುಡಿಯೋ, ಅದರ ಪಕ್ಕ ಒಂದು ಆಫೀಸು, ಅಷ್ಟೇ. ಬಸ್ ನಿಲ್ದಾಣದಲ್ಲಿ ‘ಪ್ರಯಾಣಿಕರ ಗಮನಕ್ಕೆ’ ಅಂತ ಒಂದು ಹೆಂಗಸಿನ ಧ್ವನಿ ಬರುತ್ತಲ್ಲ, ಅದು ನಮ್ಮಮ್ಮನದು. ಗಂಟಲಿನ ಆಪರೇಷನ್ ಆಗಿ ಧ್ವನಿಪೆಟ್ಟಿಗೆ ತೆಗೆದ ಮೇಲೆ ಅಮ್ಮ ಮಾತಾಡಿಲ್ಲ. ಬೆರಳ ಗೆಣ್ಣಿನಿಂದ ಮೇಜಿಗೆ ಕುಟ್ಟುತ್ತಾಳೆ. ಒಂದು ಸಲ ಕುಟ್ಟಿದರೆ ಹೂಂ, ಎರಡು ಸಲ ಕುಟ್ಟಿದರೆ ಬೇಡ, ಬಿಡದೆ ಕುಟ್ಟಿದರೆ ಎಲ್ಲರೂ ಬಾಯಿ ಮುಚ್ಚಿಕೊಂಡು ಆಚೆ ಹೋಗಿ. ಹೊಸ ಪ್ರಕಟಣೆ ಬೇಕಾದಾಗ ಅವಳ ಹಳೇ ಮುದ್ರಣಗಳಿಂದ ಒಂದೊಂದೇ ಮಾತು ಕತ್ತರಿಸಿ, ಹೊಲಿದು, ಹೊಸ ವಾಕ್ಯ ಮಾಡುತ್ತಿದ್ದೆವು. ಅಣ್ಣ ಹೊಲಿಯುವವನು, ತಮ್ಮ ಕತ್ತರಿಸುವವನು, ನಾನು ಗಿರಾಕಿಗಳಿಗೆ ಉತ್ತರ ಹೇಳುವವಳು.

ಸಂಜೆಯಾದರೆ ಅಮ್ಮ ಬಸ್ ನಿಲ್ದಾಣಕ್ಕೆ ಹೋಗುತ್ತಾಳೆ. ಬಸ್ಸು ಹತ್ತೋದಕ್ಕಲ್ಲ. ಬೆಂಚಿನ ಮೇಲೆ ಕೂತು ತನ್ನ ಧ್ವನಿ ತಾನೇ ಕೇಳಿ ವಾಪಸ್ ಬರುತ್ತಾಳೆ. ಒಂದು ದಿನ ಕೈಸನ್ನೆಯಲ್ಲೇ ನನಗೆ ಹೇಳಿದಳು: ನಾನು ರಿಟೈರಾದೆ, ಅದಿನ್ನೂ ಡ್ಯೂಟಿಗೆ ಹೋಗ್ತಾ ಇದೆ. ನಾನು ನಕ್ಕೆ. ಬಚ್ಚಲಿಗೆ ಹೋಗಿ ಅತ್ತೆ.

ಹೀಗಿರುವಾಗ ಬಸ್ ನಿಲ್ದಾಣಕ್ಕೆ ಹೊಸ ಕಟ್ಟಡ ಎದ್ದಿತು. ಹೊಸ ಪ್ಲಾಟ್‌ಫಾರಂ, ಹೊಸ ದಾರಿಗಳು, ಹಳೇ ಪ್ರಕಟಣೆಗಳಿಗೆಲ್ಲ ಕೊಕ್. ನಿಲ್ದಾಣದ ಅಧಿಕಾರಿ ನೇರವಾಗಿ ಹೇಳಿದರು: "ಇದೇ ಧ್ವನಿಯಲ್ಲಿ ಎಲ್ಲಾ ಹೊಸದಾಗಿ ಮಾಡಿಕೊಟ್ರೆ ಸಂತೋಷ. ಆಗಲ್ಲ ಅಂದ್ರೆ ಕಂಪ್ಯೂಟರ್ ಧ್ವನಿ ಹಾಕಿಸ್ತೀವಿ." ಅಂದರೆ, ನಾವು ಮಾಡಿಕೊಡದಿದ್ದರೆ ಅಮ್ಮ ಬೆಂಚಿನ ಮೇಲೆ ಕೂತು ಯಂತ್ರದ ಮಾತು ಕೇಳಬೇಕು. ಇಷ್ಟು ಗೊತ್ತಿದ್ದೂ ನಮ್ಮ ಮಹಾನುಭಾವರು ಆ ವಾರವೇ ಗ್ಯಾಪಿನ ಜಗಳ ತೆಗೆದರು.

ಅಮ್ಮನ ಮಾತೆಲ್ಲ ಇದ್ದದ್ದು ಸ್ಟುಡಿಯೋ ಮೂಲೆಯ ಒಂದು ಕಪ್ಪು ಪೆಟ್ಟಿಗೆಯಲ್ಲಿ. ಆಫೀಸಿನ ಕಂಪ್ಯೂಟರುಗಳೆಲ್ಲ ಅದಕ್ಕೇ ತಂತಿ ಹಾಕಿಕೊಂಡಿದ್ದವು. ಒಳಗೆ ಎರಡು ಡಿಸ್ಕ್. ಮಾರಿದವನು ಅದನ್ನು ಮಿರರ್ ಅಂದಿದ್ದ. ಇವರು ಕೇಳಿಸಿಕೊಂಡಿದ್ದು ‘ಎರಡು’ ಅನ್ನೋದನ್ನು ಮಾತ್ರ. ಜಗಳ ತಾರಕಕ್ಕೇರಿದಾಗ ಅಣ್ಣ ಎದ್ದು ಹೋಗಿ, ಪೆಟ್ಟಿಗೆ ಚಾಲೂ ಇರುವಾಗಲೇ ಒಂದು ಡಿಸ್ಕನ್ನು ಡ್ರಾಯರಿನ ಥರ ಎಳೆದುಕೊಂಡ. "ನನ್ನ ಪಾಲಿನ ಅರ್ಧ ನನಗೆ. ಉಳಿದಿದ್ದರಲ್ಲಿ ಅವನು ಬೇಕಾದಷ್ಟು ಅವಸರ ಮಾಡ್ಲಿ" ಅಂದು ಮನೆಗೆ ನಡೆದ. "ಅಮ್ಮನ್ನೂ ಪಾಲು ಮಾಡ್ಕೊಂಡ್ರಾ?" ಅಂದೆ.

ಒಂದು ಡಿಸ್ಕ್ ಹೋದ ಮೇಲೆ ಪೆಟ್ಟಿಗೆ ಕೆಂಪು ದೀಪ ಹಚ್ಚಿಕೊಂಡು ಕೀ ಕೀ ಅನ್ನೋದಕ್ಕೆ ಶುರುಮಾಡಿತು. ಬೇರೆ ಯಾರಾದರೂ ಆಗಿದ್ದರೆ ಇದ್ಯಾಕಪ್ಪಾ ಅಳ್ತಿದೆ ಅಂತ ಯಾರನ್ನಾದರೂ ಕೇಳುತ್ತಿದ್ದರು. ನಾವು ಸ್ಟುಡಿಯೋದವರು, ನಮಗೆ ಸದ್ದೇ ಶತ್ರು. ಗೋಡೆಗೆ ಹಾಕಿ ಮಿಕ್ಕಿದ್ದ ದಪ್ಪ ಸ್ಪಂಜನ್ನು ತಮ್ಮ ತಂದು ಪೆಟ್ಟಿಗೆಗೆ ನಾಲ್ಕೂ ಕಡೆ ಸುತ್ತಿ, ಮೇಲೊಂದು ಕಂಬಳಿ ಹೊದಿಸಿದ. ಪಿಟ್ಟೆನ್ನದ ಹಾಗಾಯಿತು. ಸದ್ದಡಗಿಸೋದರಲ್ಲಿ ಅವನು ಎತ್ತಿದ ಕೈ.

ಕೆಲವು ದಿನ ಕಳೆದು ಒಂದು ಬೆಳಗ್ಗೆ ಕಂಪ್ಯೂಟರಿನಲ್ಲಿ ಅಮ್ಮನ ಒಂದು ಅಕ್ಷರವೂ ಸಿಗಲಿಲ್ಲ. ಕಂಬಳಿ ತೆಗೆದರೆ ಪೆಟ್ಟಿಗೆ ಕಾದ ಹೆಂಚು. ಒಳಗೆ ಏನೋ ಟಕ್ ಟಕ್ ಅನ್ನುತ್ತಿತ್ತು. "ಅಕ್ಕಾ, ಅಣ್ಣನಿಗೆ ಫೋನ್ ಮಾಡು. ಅವನ ಅರ್ಧ ಆದ್ರೂ ತರಲಿ" ಅಂದ ತಮ್ಮ.

ಅಣ್ಣನ ಅರ್ಧದ ಕಥೆ ಇನ್ನೂ ಚೆನ್ನಾಗಿತ್ತು. ಅವನು ಅದನ್ನು ಮನೆಯ ಕಂಪ್ಯೂಟರಿಗೆ ಸಿಕ್ಕಿಸಿದ್ದ. ಅದು, ಈ ಡಿಸ್ಕ್ ಓದೋಕಾಗ್ತಿಲ್ಲ, ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡಲಾ ಅಂತ ಕೇಳಿತ್ತು. ಹುಟ್ಟಿದಾಗಿನಿಂದ ಯಾರ ಮಾತಿಗೂ ಹೂಂ ಅನ್ನದ ನಮ್ಮಣ್ಣ ಅದಕ್ಕೆ ಹೂಂ ಅಂದಿದ್ದ. ಆಮೇಲೆ, ಕೆಲಸ ಮಾಡುತ್ತೋ ಇಲ್ಲವೋ ನೋಡೋಣ ಅಂತ, ಸಮುದ್ರಕ್ಕೆ ಹೋಗಿದ್ದಾಗ ತೆಗೆದ ವಿಡಿಯೋಗಳನ್ನೆಲ್ಲ ಅದರೊಳಕ್ಕೆ ಸುರಿದಿದ್ದ.

ಎರಡೂ ಡಿಸ್ಕನ್ನು ನನ್ನ ಚೀಲಕ್ಕೆ ಹಾಕಿಕೊಂಡು, ಇಬ್ಬರನ್ನೂ ಕರೆದುಕೊಂಡು, ಕೆಟ್ಟ ಡಿಸ್ಕಿನಿಂದ ಮಾಹಿತಿ ತೆಗೆದುಕೊಡುವವನ ಹತ್ತಿರ ಹೋದೆ. ಊರಲ್ಲೆಲ್ಲ ಅವನಿಗೆ ‘ನೋಡೋಣ’ ಅಂತಲೇ ಹೆಸರು, ಏನು ಕೇಳಿದರೂ ಅದನ್ನೇ ಹೇಳುತ್ತಾನೆ. ಕಿರಿದಾದ ಮಹಡಿ ಕೋಣೆ, ಬೆಸುಗೆಯ ವಾಸನೆ, ಗೋಡೆ ತುಂಬ ಸತ್ತ ಡಿಸ್ಕುಗಳ ಹೊಳೆಯುವ ತಟ್ಟೆಗಳು. ಬೇಟೆಗಾರನ ಮನೆಯಲ್ಲಿ ಕೊಂಬು ತೂಗುಹಾಕಿದ ಹಾಗೆ.

"ಇದರಲ್ಲಿ ಒಂದರ್ಧ, ಅದರಲ್ಲಿ ಒಂದರ್ಧ ಇದೆ ಸಾರ್" ಅಂದ ಅಣ್ಣ.

"ಯಾವ ಅರ್ಧ?" ಅಂದ ನೋಡೋಣ. "ಇದು ಮಿರರ್ ರೀ. ಒಂದರಲ್ಲಿ ಬರೆದಿದ್ದು ಆ ಕ್ಷಣಾನೇ ಇನ್ನೊಂದರಲ್ಲೂ ಬರೆಯತ್ತೆ. ನಿಮ್ಮ ಹತ್ರಾನೂ ಪೂರ್ತಿ ಇತ್ತು, ಇವರ ಹತ್ರಾನೂ ಪೂರ್ತಿ ಇತ್ತು. ಕನ್ನಡಿ ಮುಂದೆ ನಿಂತ್ಕೊಂಡ್ರೆ ಅರ್ಧ ಕಾಣ್ತೀರಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ಬಿಟ್ಟ ಮೇಲೆ ನೋಡಿಕೊಂಡಿದ್ದು ಅದೇ ಮೊದಲು. ಅಮ್ಮ ಇಬ್ಬರಿಗೂ ಇಡಿಯಾಗಿ ಸಿಕ್ಕಿದ್ದಳು, ಅರ್ಧಕ್ಕಾಗಿ ಹೊಡೆದಾಡಿ ಇಡೀನ ಕಳೆದುಕೊಂಡಿದ್ದರು. ಇದನ್ನು ಬಾಯಿಬಿಟ್ಟು ಹೇಳಬೇಕು ಅಂತ ನಾಲಿಗೆ ತುರಿಸಿತು. ಪಾಪ ಅನ್ನಿಸಿ ಸುಮ್ಮನಾದೆ.

"ಬೇರೆ ಕಡೆ ಎಲ್ಲಾದ್ರೂ ಪ್ರತಿ ಇಟ್ಟಿದ್ದೀರಾ?" ನೋಡೋಣ ಕೇಳಿದ.

"ಎರಡು ಡಿಸ್ಕ್ ಇತ್ತಲ್ಲ ಸಾರ್" ಅಂದ ತಮ್ಮ.

"ಕನ್ನಡೀಲಿರೋದು ಪ್ರತಿ ಅಲ್ಲಪ್ಪ. ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಸಿ ಹೋಗತ್ತೆ." ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದ. "ನೋಡೋಣ."

ಅವನು ಮತ್ತೆ ಕರೆಸಿದಾಗ ಸುದ್ದಿ ಇದು. ತಮ್ಮನ ಡಿಸ್ಕು ಶಾಖಕ್ಕೆ ಕೆಟ್ಟು, ಓದುವ ಮುಳ್ಳು ತಟ್ಟೆಯನ್ನೇ ಕೆರೆದುಹಾಕಿತ್ತು. ಅದರಿಂದ ಏನೂ ಬರುವ ಹಾಗಿರಲಿಲ್ಲ. ಅಣ್ಣನದರಲ್ಲಿ ಪ್ರಕಟಣೆಗಳಿದ್ದ ಜಾಗದ ಮೇಲೆಲ್ಲ ಸಮುದ್ರ ಉಕ್ಕಿತ್ತು. ಸಮುದ್ರ ಮುಟ್ಟದ ಒಂದು ಮೂಲೆಯಲ್ಲಿ, ಎಷ್ಟೋ ಹಿಂದೆ ಜಾಗ ಸಾಲದು ಅಂತ ತಮ್ಮನೇ ಅಳಿಸಿದ್ದ ಒಂದು ಫೋಲ್ಡರ್ ಮಾತ್ರ ಹಾಗೇ ಉಳಿದಿತ್ತು. ಅದರ ಹೆಸರು ‘ಕಸ’.

ಪ್ರಕಟಣೆ ಹೇಳುವಾಗ ಅಮ್ಮ ತಪ್ಪಿದ್ದು, ಕೆಮ್ಮಿದ್ದು, ನಡುವೆ ನಮ್ಮನ್ನು ಬೈದಿದ್ದು, ಎಲ್ಲಾ ಆ ಕಸದಲ್ಲಿತ್ತು. ಸ್ಟುಡಿಯೋದಲ್ಲಿ ಅಮ್ಮನನ್ನೂ ಕೂರಿಸಿಕೊಂಡು ಕೇಳಿದೆವು. "ಪ್ರಯಾಣಿಕರ ಗಮನಕ್ಕೆ, ಪ್ಲಾಟ್‌ಫಾರಂ ಸಂಖ್ಯೆ... ಲೋ, ಬಾಗಿಲು ಹಾಕ್ರೋ, ನಿಮ್ಮ ಕೋಳಿ ಜಗಳ ಎಲ್ಲಾ ಇದರಲ್ಲೇ ಬೀಳ್ತಿದೆ." ಅಮ್ಮ ಸದ್ದಿಲ್ಲದೆ, ಮೈಯೆಲ್ಲ ಕುಲುಕುವಂತೆ ನಗುತ್ತಿದ್ದಳು. ನಮಗೆ ಅಳು.

ಆ ಬೈಗುಳದಿಂದಲೇ ಕೆಲಸ ಶುರುವಾಯಿತು. ‘ಎರಡು ಸಲ ಹೇಳಿದ್ದೀನಿ’ ಅನ್ನೋದರಿಂದ ‘ಎರಡು’ ಸಿಕ್ಕಿತು. ‘ಇಬ್ಬರೂ ಆಚೆ ಹೊರಡಿ’ ಅನ್ನೋದರಿಂದ ‘ಹೊರಡಲಿದೆ’ಗೆ ಬೇಕಾದ ‘ಹೊರ’ ಕತ್ತರಿಸಿದೆವು. ಊಟಕ್ಕೆ ಕೂರಿಸುವಾಗ ಹೇಳಿದ ‘ಸಾಲಾಗಿ ಬನ್ನಿ’ ಇಡಿಯಾಗಿ ಸಿಕ್ಕಿತು. ಸಿಗದೇ ಇದ್ದದ್ದು ಒಂದೇ, ‘ದಯವಿಟ್ಟು’. ಪ್ರಕಟಣೆಯಲ್ಲಿ ಅದು ಬರೋದು ಕೊನೆಗೆ, ಅಮ್ಮ ತಪ್ಪುತ್ತಿದ್ದದ್ದು ಮೊದಲಲ್ಲೇ. ಇನ್ನು ಬೈಯುವಾಗ ಯಾವ ತಾಯಿ ಮಕ್ಕಳಿಗೆ ದಯವಿಟ್ಟು ಅಂತಾಳೆ? ಹಳೇ ನಿಲ್ದಾಣದ ಪ್ರಕಟಣೆಗಳಿಗೆ ಸಂಗೀತ ಬೆರೆಸಿತ್ತು, ಹಾಲು ನೀರು ಬೇರೆ ಮಾಡುವ ಹಂಸ ನಮ್ಮಲ್ಲಿರಲಿಲ್ಲ. ‘ದಯವಿಟ್ಟು’ ಇಲ್ಲದೆ ಒಂದು ಪ್ರಕಟಣೆಯನ್ನೂ ಒಪ್ಪಲ್ಲ, ಜನರನ್ನ ಗದರಿಸಿದ ಹಾಗಿರುತ್ತೆ ಅಂದರು ಅಧಿಕಾರಿ.

ಕೊನೆಯಲ್ಲಿ ಉಳಿದದ್ದು ಒಂದು ಸಣ್ಣ ಫೈಲು. ಆಪರೇಷನ್ನಿನ ಹಿಂದಿನ ದಿನದ್ದು. ಅವತ್ತು ಅಮ್ಮ ಬೇಕಾಗಬಹುದಾದ ಮಾತನ್ನೆಲ್ಲ ಹೇಳಿಟ್ಟು ಹೋಗಿದ್ದಳು. ಮೊದಲ ‘ಲೋ’ ಕೇಳಿಯೇ ಪ್ರಕಟಣೆ ಅಲ್ಲದ್ದು ಅಂತ ಅಣ್ಣ ಗುರುತು ಹಾಕಿದ್ದ, ಕಿವಿ ಕೊಡದೆ ಪರದೆಯ ಅಲೆ ನೋಡಿಯೇ ಕತ್ತರಿಸುವ ತಮ್ಮ ಅದನ್ನು ಕಸಕ್ಕೆ ಹಾಕಿದ್ದ. ಇಬ್ಬರೂ ಪೂರ್ತಿ ಕೇಳಿರಲಿಲ್ಲ. ಈಗ ಹಾಕಿದೆವು. ಕುರ್ಚಿ ಕಿರುಗುಟ್ಟಿತು, ನೀರು ಕುಡಿದ ಸದ್ದಾಯಿತು.

"ಲೋ, ಇಬ್ರೂ ಕೇಳಿಸ್ಕೊಳ್ಳಿ. ನಾಳೆಯಿಂದ ನಿಮ್ಮನ್ನ ಬೈಯೋಕೆ ನನ್ನ ಕೈಲಾಗಲ್ಲ. ದಯವಿಟ್ಟು..." ಅಲ್ಲಿ ಅಮ್ಮ ನಿಂತಳು. ಉಸಿರು ಒಳಗೆ ಹೋಗಿದ್ದು, ಎಂಜಲು ನುಂಗಿದ್ದು ಕೇಳಿಸಿತು. "ಕಿತ್ತಾಡಬೇಡ್ರೋ. ಬಿಡಿಸೋಕೆ ನನಗೆ ಬಾಯಿರಲ್ಲ."

ಯಾರೂ ಅಮ್ಮನ ಕಡೆ ನೋಡಲಿಲ್ಲ. ನೋಡುವ ಮುಖ ಯಾರಿಗಿತ್ತು. ತಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಣ್ಣ ಎದ್ದು ಬಂದು ಅವನ ಕುರ್ಚಿಯ ಹಿಂದೆ ನಿಂತ. ಆಮೇಲೆ ಅಮ್ಮ ಮೇಜಿಗೆ ಒಂದು ಸಲ ಕುಟ್ಟಿದಳು. ಹಾಕ್ಕೊಳ್ಳಿ ಅಂತ.

ತಮ್ಮ ಕತ್ತರಿಸಿದ, ಅಣ್ಣ ಹೊಲಿದ. ಆ ಗ್ಯಾಪನ್ನು ಇಬ್ಬರೂ ಮುಟ್ಟಲಿಲ್ಲ. ಅಮ್ಮ ಎಷ್ಟು ಹೊತ್ತು ನಿಂತಿದ್ದಳೋ ಅಷ್ಟೂ, ಆ ಉಸಿರಿನ ಸಮೇತ, ಎಲ್ಲ ಪ್ರಕಟಣೆಗೂ ಹಾಗೇ ಹೋಯಿತು.

ಹೊಸ ನಿಲ್ದಾಣ ತೆರೆದ ದಿನ ಅಮ್ಮ ಹೊಸ ಬೆಂಚಿನ ಮೇಲೆ ಕೂತಿದ್ದಳು. ಆ ಪಕ್ಕ ಅಣ್ಣ, ಈ ಪಕ್ಕ ತಮ್ಮ, ಜಾಗ ಸಾಲದೆ ನಾನು ನಿಂತಿದ್ದೆ. ಮೇಲಿಂದ ಧ್ವನಿ ಬಂತು. "ಪ್ಲಾಟ್‌ಫಾರಂ ಸಂಖ್ಯೆ ಎರಡು. ದಯವಿಟ್ಟು... ಸಾಲಾಗಿ ಬನ್ನಿ." ಚೀಲ ಹೊತ್ತು ನುಗ್ಗುತ್ತಿದ್ದ ಒಬ್ಬರಿಬ್ಬರು, ಯಾರೋ ಹೆಸರು ಹಿಡಿದು ಕರೆದ ಹಾಗೆ ನಿಂತು ಮೇಲೆ ನೋಡಿದರು.

ಅಧಿಕಾರಿ ಬಂದು ಕೈ ಕುಲುಕಿದರು. "ದಯವಿಟ್ಟು ಅನ್ನೋದು ಈ ಸಲ ತುಂಬಾ ಚೆನ್ನಾಗಿ ಬಂದಿದೆ. ಆದ್ರೆ ಅದಾದ ಮೇಲೆ ಒಂಚೂರು ಜಾಸ್ತಿ ಗ್ಯಾಪ್ ಇದೆ ಅಲ್ವಾ? ಕತ್ತರಿಸಿಬಿಡೋದಾ?"

ಅಣ್ಣ ತಮ್ಮನನ್ನು ನೋಡಿದ, ತಮ್ಮ ಅಣ್ಣನನ್ನು ನೋಡಿದ. ಇಬ್ಬರೂ ಬಾಯಿ ತೆರೆಯುವ ಮೊದಲೇ ಅಮ್ಮ ಬೆಂಚಿಗೆ ಎರಡು ಸಲ ಕುಟ್ಟಿದಳು.