ಹಳದಿ ಕಂಬದ ಬಳಿ

ಗೇರು ಬದಲಿಸುವಾಗ ಕಾರು ಕರಕರನೆ ಅರಚಿ, ಒಮ್ಮೆ ಮುಗ್ಗರಿಸಿ, ಸೇತುವೆಯ ನಡುಮಧ್ಯೆ ನಿಂತುಬಿಟ್ಟಿತು. ಹಿಂದಿದ್ದವರು ಹಾರ್ನ್ ಬಾರಿಸಿದರು. ಕಾರು ನಡೆಸುತ್ತಿದ್ದ ಚೋನಾ ಮೊದಲು ನೋಡಿದ್ದು ತನ್ನ ಮಡಿಲಲ್ಲಿದ್ದ ಮೊಟ್ಟೆಯನ್ನು. ಒಡೆದಿರಲಿಲ್ಲ. ಆಮೇಲೆ ಪಕ್ಕದಲ್ಲಿ ಕೂತ ಗಂಡನನ್ನು ನೋಡಿದಳು. ನಿಕಾನೋರ್ ಏನೂ ಅನ್ನಲಿಲ್ಲ.

ಅವಳಿಗೆ ಸಂಕಟವಾಗುತ್ತಿದ್ದದ್ದು ಅದಕ್ಕೇ. ಮದುವೆಯಾದಾಗಿನಿಂದ ಅವಳು ಸ್ಟಿಯರಿಂಗ್ ಹಿಡಿದಾಗಲೆಲ್ಲ ಈ ಮನುಷ್ಯನ ಬಾಯಿಗೆ ಬೀಗವೇ ಇರುತ್ತಿರಲಿಲ್ಲ. "ಕ್ಲಚ್ ಪೂರ್ತಿ ತುಳಿಯೇ! ಗೇರು ಅಂದ್ರೆ ನಿನ್ನ ಒರಳುಕಲ್ಲಲ್ಲ!" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅವಳೇನೂ ಕಮ್ಮಿಯಿರಲಿಲ್ಲ. ಭಾನುವಾರ ಬಂದರೆ ಇಬ್ಬರೂ ಜಗಳವಾಡಿಕೊಂಡೇ ಗಡಿಯ ನದಿ ದಾಟಿ, ಆಚೆ ಊರಿನಲ್ಲಿ ಅವನ ಅಕ್ಕನ ಮನೆಯಲ್ಲಿ ಉಂಡು, ಜಗಳವಾಡಿಕೊಂಡೇ ಈಚೆಗೆ ಮರಳುತ್ತಿದ್ದರು. ಈಗ ಅವನು ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಯಾರದೋ ಕಾರಿನಲ್ಲಿ ಯಾರೋ ಕೂತಂತೆ ಕೂತಿದ್ದ.

ಬೇಸಿಗೆಯ ಶುರುವಿನಲ್ಲಿ ಒಂದು ಸಲ ಅವನೊಬ್ಬನೇ ಆಚೆಯಿಂದ ಬರುತ್ತಿದ್ದ. ಸೇತುವೆ ಇಳಿದ ಮೇಲೆ ಗಡಿ ತಪಾಸಣೆಯ ಚಪ್ಪರದ ಕೆಳಗೆ, ಹಳದಿ ಬಣ್ಣದ ಕಂಬವೊಂದರ ಪಕ್ಕ ಕಾರಿನ ಡಿಕ್ಕಿ ತೆರೆದು ನಿಂತಿದ್ದಾಗ, ಬ್ರೇಕು ಕೈಕೊಟ್ಟ ಪಿಕಪ್ ಗಾಡಿಯೊಂದು ನುಗ್ಗಿ ಬಂದು ಆ ಕಂಬಕ್ಕೆ ಬಡಿಯಿತು. ಅವನಿಗೂ ಗಾಡಿಗೂ ನಡುವೆ ಒಂದು ಗೇಣು ಜಾಗ. ಮೈಮೇಲೆ ಒಂದು ತರಚುಗಾಯವೂ ಆಗಲಿಲ್ಲ. ದೇವರು ದೊಡ್ಡವನು ಎಂದರು ಎಲ್ಲರೂ. ಆದರೆ ಅವತ್ತು ಮನೆಗೆ ಬಂದವನು ನಿಕಾನೋರ್ ಅಲ್ಲವೆಂದು ಚೋನಾಳಿಗೆ ಬಾಗಿಲಲ್ಲೇ ಗೊತ್ತಾಗಿತ್ತು.

ಮನೆಗಳಿಗೆ ಸೂರು ಹೊದಿಸುವ ಕೆಲಸದವನು ಏಣಿ ಕಂಡರೆ ನಡುಗತೊಡಗಿದ. ಊಟ ಸೇರಲಿಲ್ಲ. ಪ್ಯಾಂಟು ಸೊಂಟದಲ್ಲಿ ನಿಲ್ಲಲಿಲ್ಲ. ಕ್ಲಿನಿಕ್ಕಿನ ಡಾಕ್ಟರಮ್ಮ ಒಳ್ಳೆಯವಳೇ. ರಕ್ತ, ಎದೆ, ತಲೆ ಎಲ್ಲ ಪರೀಕ್ಷಿಸಿ, ದೇಹದಲ್ಲಿ ದೋಷವಿಲ್ಲ ಎಂದು ಹೇಳಿ ನಿದ್ದೆಗೆ ಮಾತ್ರೆ ಕೊಟ್ಟಳು. ಮನಸ್ಸು ಬಿಚ್ಚಿ ಮಾತಾಡಲಿ ಎಂದು ಇನ್ನೊಬ್ಬರ ಬಳಿ ಕಳಿಸಿದಳು. ಅಲ್ಲಿ ಇವನು ಗೋಡೆ ನೋಡಿಕೊಂಡು ಕೂತು ಎದ್ದುಬಂದ. ಚೋನಾ ಮಾತ್ರೆಯನ್ನು ತಪ್ಪಿಸಲಿಲ್ಲ, ಜೊತೆಗೆ ಕಿತ್ತಳೆ ಹೂವಿನ ಕಷಾಯವನ್ನೂ ಬಿಡಲಿಲ್ಲ. ನಿದ್ದೆ ಬಂತು, ಗಂಡ ಮಾತ್ರ ಬರಲಿಲ್ಲ.

ಕೊನೆಗೆ ಇವತ್ತು ಬೆಳಿಗ್ಗೆ ಹಟ ಹಿಡಿದು ಅವನನ್ನು ಆಚೆ ಊರಿನ ದೋನ್ಯಾ ಕುಕಾಳ ಬಳಿ ಕರೆದೊಯ್ದಿದ್ದಳು. ಎಲ್ಲರೂ ಗೌರವದಿಂದ ದೋನ್ಯಾ ಎನ್ನುವ ಗಿಡಮೂಲಿಕೆಯ ಮುದುಕಿ, ಅರ್ಧ ಊರಿನ ಮಕ್ಕಳಿಗೆ ನಿವಾಳಿಸಿದ ಕೈ. ಮುದುಕಿ ಅವನನ್ನು ಅಂಗಳದಲ್ಲಿ ನಿಲ್ಲಿಸಿ, ಭಯವನ್ನು ಹೀರಿಕೊಳ್ಳಲೆಂದು ನೆತ್ತಿಯಿಂದ ಪಾದದವರೆಗೆ ಮೊಟ್ಟೆ ಸವರಿ, ರೂದಾ ಎಂಬ ಕಟುವಾಸನೆಯ ಸೊಪ್ಪಿನಿಂದ ಮೈ ಗುಡಿಸಿ, ಹೆಸರು ಹಿಡಿದು ಮೂರು ಸಲ ಕರೆದಳು. ಆಮೇಲೆ ತಲೆಯಾಡಿಸಿದಳು.

"ಇಲ್ಲಿಲ್ಲ ಕಣವ್ವ. ಬೆದರಿದ ಜೀವ ಬೆದರಿದ ಜಾಗದಲ್ಲೇ ಕೂತ್ಬಿಟ್ಟಿದೆ. ಅಲ್ಲಿಗೇ ಹೋಗಿ ಕರೀಬೇಕು. ಇವನು ಬಾಯಿಬಿಟ್ಟು ಓಗೊಡ್ಬೇಕು. ಬರೀ ಕರೆದ್ರೆ ಏನೂ ಆಗಲ್ಲ."

"ಅಲ್ಲಿ ಯಾರನ್ನೂ ಸುಮ್ನೆ ನಿಲ್ಲೋಕೆ ಬಿಡಲ್ಲ ದೋನ್ಯಾ. ಅನುಮಾನ ಬಂದ ಗಾಡಿನ ಮಾತ್ರ ಪಕ್ಕಕ್ಕೆ ಕಳಿಸ್ತಾರೆ."

"ಹಂಗಾದ್ರೆ ಅನುಮಾನ ಬರೋ ಹಂಗೆ ಮಾಡು! ಅದನ್ನೂ ನಾನೇ ಹೇಳ್ಕೊಡ್ಬೇಕಾ? ದಾಟೋಕೆ ಕಾಗದ ಪತ್ರ ಇದ್ದಿದ್ರೆ ನಾನೇ ಬರ್ತಿದ್ದೆ."

ಚೋನಾ ಮುದುಕಿಯ ಗೂಡಿನಿಂದ ಹೊಸ ಮೊಟ್ಟೆಯೊಂದನ್ನು ಇಸಿದುಕೊಂಡಳು. ಹಳೇ ಡಬ್ಬಿಯಲ್ಲಿ ಬೆಳೆದ ರೂದಾ ಗಿಡವನ್ನು ಮಣ್ಣುಸಮೇತ ಎತ್ತಿಕೊಂಡಳು. ಹಸಿ ಮೊಟ್ಟೆ, ಮಣ್ಣಿರುವ ಗಿಡ ಎರಡನ್ನೂ ಈಚೆಗೆ ತರುವಂತಿಲ್ಲವೆಂದು ಗಡಿಯೂರಿನ ಕೂಸಿಗೂ ಗೊತ್ತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಇದೆ ಎಂದು ಮೊದಲೇ ಹೇಳಿದರೆ ಪಕ್ಕಕ್ಕೆ ಕಳಿಸಿ ಕಿತ್ತುಕೊಳ್ಳುತ್ತಾರೆ, ಅಷ್ಟೇ. ಆ ಕಿತ್ತುಕೊಳ್ಳುವ ಮುಂಚಿನ ಸ್ವಲ್ಪ ಹೊತ್ತೇ ಅವಳಿಗೆ ಬೇಕಾಗಿದ್ದದ್ದು. ಗಂಡನಿಗೆ ಏನನ್ನೂ ಹೇಳಲಿಲ್ಲ.

ಸೇತುವೆಯ ನಡುವೆ ನಿಂತಿದ್ದ ಕಾರು ಕೊನೆಗೂ ಹೊರಟು ಈಚೆಗೆ ಬಂತು. ಗೂಡಂಗಡಿಯಂಥ ತಪಾಸಣೆ ಕೋಣೆಯಲ್ಲಿ ಕೂತ ಯುವಕ ಪತ್ರಗಳನ್ನು ನೋಡಿ, ಆಕಳಿಸುತ್ತ ಕೇಳಿದ. "ಹಣ್ಣು, ಮಾಂಸ, ಗಿಡ ಏನಾದ್ರೂ?"

"ಗಿಡ ಇದೆ. ಮೊಟ್ಟೆನೂ ಇದೆ."

"ಎಷ್ಟು ಮೊಟ್ಟೆ?"

"ಒಂದು."

"ಒಂದಾ? ಇಲ್ಲಿ ಕೊಟ್ಬಿಡಿ ಅಜ್ಜಿ, ಬಿಸಾಕ್ತೀನಿ. ಮನೆಗೆ ಹೋಗಿ."

ಚೋನಾ ಇದನ್ನು ಯೋಚಿಸಿರಲಿಲ್ಲ. ಒಳ್ಳೆಯತನವೂ ಒಮ್ಮೊಮ್ಮೆ ಕಾಲಿಗೆ ತೊಡರುತ್ತದೆ. "ಅದೆಂಗಾಗುತ್ತೆ?" ಎಂದು ದಬಾಯಿಸಿದಳು. "ಕಾನೂನು ಅಂದ್ರೆ ಕಾನೂನು. ಬೇರಲ್ಲಿ ಏನೇನು ಹುಳ ಇದೆಯೋ, ನಂಗೇನು ಗೊತ್ತು? ಸರಿಯಾಗಿ ತಪಾಸಣೆ ಮಾಡ್ಸಪ್ಪ. ಮತ್ತೆ ನನ್ನ ನೋಡಿದ್ರೆ ನಿನಗೆ ಅಜ್ಜಿ ಥರ ಕಾಣ್ಸುತ್ತಾ?"

ಯುವಕ ನಿಟ್ಟುಸಿರಿಟ್ಟು ಚೀಟಿಯೊಂದನ್ನು ಗಾಜಿಗೆ ಸಿಕ್ಕಿಸಿದ. "ಹೋಗಿ ತಾಯಿ. ಮೊದಲನೇ ಸಾಲು."

ಹಳದಿ ಕಂಬ ಇದ್ದದ್ದು ಕೊನೆಯ ಸಾಲಿನಲ್ಲಿ. ಪಿಕಪ್ ಬಡಿದ ಕಡೆ ಬಣ್ಣ ಹಾರಿ ಸಿಮೆಂಟು ಕಾಣುತ್ತಿತ್ತು. ಮೊದಲ ಸಾಲಿನಲ್ಲಿ ಸಮವಸ್ತ್ರದ ಹೆಂಗಸೊಬ್ಬಳು ಕೈ ಅಡ್ಡ ಮಾಡಿ ನಿಲ್ಲಿಸುವಂತೆ ಹೇಳುತ್ತಿದ್ದಳು. ಚೋನಾ ಅವಳಿಗೆ ನಗುತ್ತ ಕೈಬೀಸಿ, ಕಾರನ್ನು ಕುಪ್ಪಳಿಸುತ್ತ ಮುಂದಕ್ಕೆ ನಡೆಸಿಕೊಂಡು ಹೋಗಿ, ಕಂಬದ ಪಕ್ಕಕ್ಕೇ ತಂದು ನಿಲ್ಲಿಸಿದಳು. ತನಗೆ ಕಾರು ನಡೆಸಲು ಬರುವುದಿಲ್ಲ ಎಂಬ ಮಾತು ಜೀವನದಲ್ಲಿ ಮೊದಲ ಸಲ ಪ್ರಯೋಜನಕ್ಕೆ ಬಂತು.

ನಿಕಾನೋರ್ ತಲೆಯೆತ್ತಿ ನೋಡಿದ. ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬೇಡ ಚೋನಾ." ಇವತ್ತು ಅವನಾಡಿದ ಮೊದಲ ಮಾತು ಅದು.

"ಇಳಿ ಮುದುಕಾ."

"ಕಾಲು ಬರ್ತಿಲ್ಲ."

"ನಾನು ಹಿಡ್ಕೋತೀನಿ. ಇಳಿ."

ಕಂಕುಳಿಗೆ ಕೈಹಾಕಿ ಇಳಿಸಿದಳು. ಎಷ್ಟು ಹಗುರವಾಗಿದ್ದಾನೆಂದು ಅವಳಿಗೆ ಅಳು ಬಂತು, ನುಂಗಿಕೊಂಡಳು. ಅಷ್ಟರಲ್ಲಿ ಸಮವಸ್ತ್ರದ ಹೆಂಗಸು ದಾಪುಗಾಲು ಹಾಕಿಕೊಂಡು ಬಂದಳು. ಎದೆಯ ಪಟ್ಟಿಯಲ್ಲಿ ಬೆನವಿದೆಸ್ ಎಂದಿತ್ತು. ಮಗಳ ವಯಸ್ಸು.

"ಕೈ ಅಡ್ಡ ಹಿಡಿದಿದ್ದು ಕಾಣ್ಲಿಲ್ವಾ ಅಮ್ಮಾ? ಮೊಟ್ಟೆ ತರೋ ಹಂಗಿಲ್ಲ ಅಂತಾನೂ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ತಂದೆ." ಚೋನಾ ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. "ನನ್ನ ಗಂಡ ಇಲ್ಲೇ ಬೆಚ್ಚಿದ್ದು. ಆ ಪಿಕಪ್ ಗುದ್ದಿತಲ್ಲ, ಅವತ್ತು. ಇಲ್ಲೇ ಬಿಟ್ಟು ಬಂದಿದಾನೆ ಜೀವಾನ. ಅದನ್ನ ಕರ್ಕೊಂಡು ಹೋಗೋಕೆ ಬಂದಿದೀನಿ. ಆಮೇಲೆ ಮೊಟ್ಟೆ ತಗೋ, ಗಿಡ ತಗೋ, ಬೇಕಾದ್ರೆ ನನ್ನೂ ಹಿಡ್ಕೋ."

ಬೆನವಿದೆಸ್ ನಿಕಾನೋರನನ್ನು ನೋಡಿದಳು. ಹಿಂದೆ ತಿರುಗಿ ತನ್ನವರ ಕಡೆ ನೋಡಿದಳು. "ಕೈಗವಸು ಹಾಕದೆ ನಾನು ಮೊಟ್ಟೆ ಮುಟ್ಟೋ ಹಂಗಿಲ್ಲ" ಎಂದು ಜೇಬಿನಿಂದ ಒಂದು ಜೊತೆ ತೆಗೆದು, ಒಂದೊಂದೇ ಬೆರಳಿಗೆ ನಿಧಾನವಾಗಿ ತೊಡಿಸತೊಡಗಿದಳು.

ಚೋನಾ ಶುರುಮಾಡಿದಳು. ನೆತ್ತಿ, ಹಣೆ, ಭುಜ, ಬೆನ್ನು ಎಂದು ಮೊಟ್ಟೆ ಇಳಿಯಿತು. ಮುರಿದ ರೂದಾ ರೆಂಬೆಯ ಕಟು ವಾಸನೆ ಪೆಟ್ರೋಲಿನ ವಾಸನೆಯ ನಡುವೆ ಎದ್ದಿತು. ಪಕ್ಕದ ಕಾರಿನ ಮಕ್ಕಳು ಕಿಸಕ್ಕನೆ ನಕ್ಕವು.

"ನಿಕಾನೋರ್, ಬಾ. ಇಲ್ಲಿ ನಿಲ್ಲಬೇಡ. ಮನೆಗೆ ಬಾ."

ಅವನು ನೆಲ ನೋಡುತ್ತಿದ್ದ. ಕಿವಿ ಕೆಂಪಗಾಗಿತ್ತು. ಅವಳು ಮತ್ತೆ ಕರೆದಳು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಎರಡನೆಯ ಕೈಗವಸಿನಲ್ಲಿ ಇನ್ನು ಕಿರುಬೆರಳು ಮಾತ್ರ ಉಳಿದಿತ್ತು. ಚೋನಾ ದೋನ್ಯಾ ಕುಕಾ ಕಲಿಸಿದ ಮಾತುಗಳನ್ನೆಲ್ಲ ಬಿಟ್ಟುಬಿಟ್ಟಳು.

"ನಿಕಾನೋರ್! ನೀನಿಲ್ದೆ ಆ ಮನೇಲಿ ಒಬ್ಳೇ ಇರೋಕೆ ನನ್ನ ಕೈಲಾಗಲ್ಲ ಕಣೋ! ಬಾರೋ!"

ಚಪ್ಪರದ ಕೆಳಗೆ ಎಲ್ಲರೂ ತಿರುಗಿ ನೋಡಿದರು. ಮಕ್ಕಳ ನಗು ನಿಂತಿತು. ಬೆನವಿದೆಸ್ ಕೈಗವಸನ್ನು ಎಳೆದು ಸರಿಮಾಡಿಕೊಳ್ಳುತ್ತ, ಬೇರೆಲ್ಲೋ ನೋಡಿಕೊಂಡು ಮೆಲ್ಲಗೆ ಹೇಳಿದಳು, "ಓ ಅನ್ನಿ ಮಾವ. ಅಷ್ಟು ಕರೀತಿದಾರಲ್ಲ."

ನಿಕಾನೋರ್ ಕಂಬಕ್ಕೆ ಕೈಯಿಟ್ಟ. ಬಣ್ಣ ಹಾರಿದ ಜಾಗವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ.

"ಬಂದೆ" ಎಂದ. ಕೆಮ್ಮಿ ಮತ್ತೆ ಹೇಳಿದ. "ಬಂದೆ ಕಣೇ, ಬಂದೆ."

ಬೆನವಿದೆಸ್ ಮೊಟ್ಟೆಯನ್ನು ಚೀಲಕ್ಕೆ ಹಾಕುವ ಮುನ್ನ ಒಂದು ಕ್ಷಣ ಅಂಗೈಯಲ್ಲಿಟ್ಟು ತೂಗಿದಳು. "ನಮ್ಮಜ್ಜಿ ಇದ್ದಿದ್ರೆ ಭಾರ ಆಗಿದೆ ಅಂತಿದ್ಲು" ಎಂದಳು. ಡಬ್ಬಿಯನ್ನೂ ಎತ್ತಿಕೊಂಡು, ಇನ್ನು ಹೊರಡಿ ಎಂದು ಕೈಮಾಡಿದಳು.

ಕರೆದ ಮೇಲೆ ಹಿಂತಿರುಗಿ ನೋಡಬಾರದೆಂದು ಮುದುಕಿ ಹೇಳಿದ್ದಳು. ಇಬ್ಬರೂ ನೋಡಲಿಲ್ಲ. ಊರಿನ ಬೀದಿಗೆ ತಿರುಗುವವರೆಗೂ ನಿಕಾನೋರ್ ಸುಮ್ಮನಿದ್ದ. ಜೀವ ಬಂತೋ ಇಲ್ಲವೋ ಎಂದು ಚೋನಾ ಮತ್ತೆ ಅನುಮಾನಿಸತೊಡಗಿದಳು. ಟೈರ್ ಅಂಗಡಿಯ ಬಳಿ ಗೇರು ಬದಲಿಸಿದಳು. ಕರಕರ ಎಂದಿತು.

"ಕ್ಲಚ್" ಎಂದ ನಿಕಾನೋರ್. ದನಿ ಸಣ್ಣದಿತ್ತು. "ಪೂರ್ತಿ ತುಳಿಯೇ."

ಚೋನಾ ಕಣ್ಣೊರೆಸಿಕೊಳ್ಳಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಮುಂದಿನ ಸಿಗ್ನಲ್ ಹಸಿರಾದಾಗ ಕ್ಲಚ್ಚನ್ನು ಅರ್ಧಕ್ಕೇ ತುಳಿದು, ಬೇಕೆಂದೇ, ಇನ್ನಷ್ಟು ಜೋರಾಗಿ ಗೇರು ಎಳೆದಳು.