ಎರಡನೇ ಕಂಪ್ರೆಸರಿನ ವಯಸ್ಸು

ನಾಗಪುರದ ಕಳಮನಾ ಮಾರುಕಟ್ಟೆಯ ಹಿಂದೆ ಮೆಣಸಿನಕಾಯಿ ಚೀಲ ತುಂಬಿಡುವ ಸರ್ಕಾರಿ ಕೋಲ್ಡ್ ಸ್ಟೋರೇಜಿನಲ್ಲಿ ಎರಡೂವರೆ ವರ್ಷದಿಂದ ಎಲ್ಲರಿಗೂ ವಯಸ್ಸಾಗಿತ್ತು, ಎರಡನೇ ನಂಬರಿನ ಕಂಪ್ರೆಸರ್ ಒಂದನ್ನು ಬಿಟ್ಟು. ಮ್ಯಾನೇಜರ್ ವಿಜಯೇಂದ್ರರ ಕೂದಲು ಹಣೆ ಬಿಟ್ಟು ನೆತ್ತಿಗೆ ಸರಿದಿತ್ತು. ಆಪರೇಟರ್ ವೇಣುಗೋಪಾಲನ ಕನ್ನಡಕದ ಗಾಜು ದಪ್ಪವಾಗಿತ್ತು. ಇನ್ನೊಬ್ಬ ಆಪರೇಟರ್ ಹನುಮಂತನ ಹೊಟ್ಟೆ ಬೆಲ್ಟಿನ ಮೇಲೆ ಬಂದು ಕೂತಿತ್ತು. ಕಂಪ್ರೆಸರ್ ಮಾತ್ರ ತೊಂಬತ್ತಾರರ ಮಳೆಗಾಲದಲ್ಲಿ ಹೇಗಿತ್ತೋ ಹಾಗೇ ಇತ್ತು. ಕಾಗದದ ಮೇಲೆ.

ಪ್ರತಿ ಕಂಪ್ರೆಸರಿಗೂ ಅದು ಓಡಿದ ತಾಸುಗಳನ್ನು ಎಣಿಸುವ ಪುಟ್ಟ ಮೀಟರೊಂದು ಇರುತ್ತದೆ. ಐದು ಸಾವಿರ ತಾಸು ಓಡಿದ ಮೇಲೆ ಯಂತ್ರ ನಿಲ್ಲಿಸಿ, ಒಳಗಿನ ತಂಪುಗೊಳಿಸುವ ಅಮೋನಿಯಾ ಅನಿಲ ಖಾಲಿ ಮಾಡಿ, ಮೇಲಿನ ಮುಚ್ಚಳ ಬಿಚ್ಚಿ, ವಾಲ್ವಿನ ತಟ್ಟೆ, ಪಿಸ್ಟನ್ ರಿಂಗು, ಬೇರಿಂಗುಗಳನ್ನು ನೋಡಿ, ಸವೆದದ್ದನ್ನು ಬದಲಿಸಿ ಹೊಸ ಎಣ್ಣೆ ತುಂಬಬೇಕೆಂದು ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಬರೆದಿದೆ. ಎರಡನೇ ನಂಬರಿನ ಮೀಟರ್ 4812ಕ್ಕೆ ಬಂದು ನಿಂತಿತು. ಯಂತ್ರ ನಿಲ್ಲಲಿಲ್ಲ. ಆಪರೇಟರುಗಳು ತಾಸಿಗೊಮ್ಮೆ ಲಾಗ್ ಪುಸ್ತಕದಲ್ಲಿ ಒತ್ತಡ, ಉಷ್ಣತೆ, ಎಣ್ಣೆಯ ಮಟ್ಟ ಬರೆದು, ಕೊನೆಯ ಕಾಲಮ್ಮಿನಲ್ಲಿ 4812 ಎಂದು ತುಂಬುತ್ತ ಬಂದರು. ಕಂಡದ್ದನ್ನು ಬರೆಯಬೇಕೆಂಬುದು ನಿಯಮ, ಕಂಡದ್ದು ಅದೇ. ಹೀಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಸತ್ಯ ಬರೆಯಲಾಗಿತ್ತು. ಪ್ರತಿ ಪುಟದ ಕೆಳಗೆ ವಿಜಯೇಂದ್ರರ ಹಸಿರು ಇಂಕಿನ ಸಹಿ.

ಯಾರಿಗೂ ಇದರಿಂದ ತೊಂದರೆ ಇರಲಿಲ್ಲ. ಯಂತ್ರ ಬಿಚ್ಚುವುದೆಂದರೆ ನಾಲ್ಕು ದಿನ ಸೊಂಟ ಬಗ್ಗಿಸಿ, ಕಣ್ಣುರಿ ತಡೆದುಕೊಂಡು, ಮೊಣಕೈತನಕ ಕಪ್ಪು ಎಣ್ಣೆಯಲ್ಲಿ ಅದ್ದಿಕೊಳ್ಳುವ ಕೆಲಸ. ಹನುಮಂತನೂ ಆ ಕೆಲಸವಿಲ್ಲದೆ ಸೊರಗಿದವನಲ್ಲ. ಮೀಟರ್ ಕೆಟ್ಟಿದೆ ಎಂದು ಬರೆಯುವ ಹುಮ್ಮಸ್ಸು ಅವನಿಗೂ ಬಂದಿರಲಿಲ್ಲ.

ಹುಮ್ಮಸ್ಸು ತಂದವನು ತಮ್ಮಯ್ಯ. ಅವನೂ ಇಲ್ಲೇ ಆಪರೇಟರ್ ಆಗಿದ್ದವನು. ತೊಂಬತ್ತೆಂಟರ ಮೇ ತಿಂಗಳಲ್ಲಿ, ನೆರಳಿನಲ್ಲೇ ನಲವತ್ತಾರು ಡಿಗ್ರಿ ಇದ್ದ ಒಂದು ಮಧ್ಯಾಹ್ನ, ಅವನ ಶಿಫ್ಟಿನಲ್ಲಿ ಒಂದನೇ ನಂಬರಿನ ವಾಲ್ವ್ ತಟ್ಟೆ ಮುರಿದು ಸಿಲಿಂಡರಿನೊಳಗೆ ಬಿದ್ದು, ಪಿಸ್ಟನ್ ಚೂರಾಯಿತು. ಸಿವಿಲ್ ಲೈನ್ಸಿನ ಮುಖ್ಯ ಕಚೇರಿಯಿಂದ ಮೂವರ ಸಮಿತಿ ಬಂತು. ಒಂದನೇ ನಂಬರಿನ ಮೀಟರ್ ಸರಿಯಾಗಿದ್ದು 3900 ತೋರಿಸುತ್ತಿತ್ತು. ಐದು ಸಾವಿರವಾಗದ ಯಂತ್ರ ಕೆಡಲು ಅವಕಾಶವೇ ಇಲ್ಲವೆಂದು ಸಮಿತಿ ತೀರ್ಮಾನಿಸಿತು. ಯಂತ್ರದ ತಪ್ಪಲ್ಲವೆಂದ ಮೇಲೆ ಉಳಿದವನು ತಮ್ಮಯ್ಯ. ‘ಅಸಹಜ ಸದ್ದನ್ನು ಗಮನಿಸದ ನಿರ್ಲಕ್ಷ್ಯ’ ಎಂದು ಬರೆದರು. ಆ ಸದ್ದು ಎಂಥದೆಂದು ಸಮಿತಿಗೂ ಗೊತ್ತಿರಲಿಲ್ಲ, ಏಕೆಂದರೆ ಅವರು ಬಂದಾಗ ಯಂತ್ರ ನಿಂತಿತ್ತು. ತಮ್ಮಯ್ಯ ಈಗ ರಾಮದಾಸಪೇಠಿನ ಒಂದು ಆಸ್ಪತ್ರೆಯ ಮುಂದೆ ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸುವ ಕೆಲಸದಲ್ಲಿದ್ದ.

ತೊಂಬತ್ತೊಂಬತ್ತರ ಮಾರ್ಚ್ ಮೊದಲ ವಾರ ಎರಡನೇ ನಂಬರೂ ಸದ್ದು ಮಾಡತೊಡಗಿತು. ಹನುಮಂತ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸಿಲಿಂಡರಿನ ಮುಚ್ಚಳಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಿದ. ಮೂರನೇ ಸಿಲಿಂಡರಿನೊಳಗೆ ಯಾರೋ ಚಮಚದಿಂದ ತಟ್ಟೆ ಬಡಿಯುತ್ತಿದ್ದರು. ಇದು ಒಡೆಯುವುದು ಖಚಿತ. ಗೊತ್ತಿಲ್ಲದ್ದು ಯಾರ ಶಿಫ್ಟಿನಲ್ಲಿ ಎಂಬುದಷ್ಟೇ. ಮೂರು ಜನ, ಮೂರು ಶಿಫ್ಟು. ತನ್ನ ನೌಕರಿ ಮೂರರಲ್ಲೊಂದು ಪಾಲಿನ ಮೇಲೆ ನಿಂತಿದೆಯೆಂದು ಹನುಮಂತ ಲೆಕ್ಕ ಹಾಕಿದ.

ಅವನು ಮ್ಯಾನೇಜರ ಬಳಿ ಹೋದ. ವಿಜಯೇಂದ್ರ ಮೈಸೂರಿನವರು, ಹನುಮಂತ ಬಾಗಲಕೋಟೆಯವನು. ಕರ್ನಾಟಕದಲ್ಲಿದ್ದಿದ್ದರೆ ಒಬ್ಬರಿಗೊಬ್ಬರು ಪರದೇಶಿಗಳು. ನಾಗಪುರದಲ್ಲಿ ಒಂದೇ ಊರಿನವರು.

“ಬನ್ನಿ ಹನುಮಂತ. ನಮ್ಮೋರು ಅಂತ ನಿಮ್ಮನ್ನೊಬ್ಬರನ್ನೇ ಕೇಳದೆ ಒಳಗೆ ಬಿಡೋದು.”

“ಸರ್, ಎರಡನೇ ನಂಬರ್ ಸಪ್ಪಳಾ ಮಾಡಾಕತ್ತೈತ್ರಿ. ಮಿರ್ಚಿ ಪೂರಾ ಬರೂದ್ರೊಳಗ ನಾಕ್ ದಿನಾ ನಿಲ್ಲಿಸಿ ಬಿಚ್ಚಬೇಕ್ರಿ. ಒಂದನೇ ನಂಬರ್ ಈಗ ಬರೋಬರ್ ಐತಿ, ಅದರ ಮ್ಯಾಲ ನಡಸಬಹುದು.”

“ಮೀಟರ್ ಎಷ್ಟಿದೆ?”

“ನಿಮಗ ಗೊತ್ತೈತಲ್ರಿ.”

“ನನಗೆ ಗೊತ್ತಿರೋದು ಬೇರೆ, ನೀವು ಹೇಳೋದು ಬೇರೆ. ಹೇಳಿ.”

“ನಾಕ್ ಸಾವಿರದ ಎಂಟುನೂರಾ ಹನ್ನೆರಡ್ರಿ.”

“ಇನ್ನೂ ನೂರಾ ಎಂಬತ್ತೆಂಟು ತಾಸು ಇದೆಯಲ್ಲಪ್ಪ. ಅಷ್ಟು ಅವಸರ ಏನು?”

“ಮೀಟರ್ ಕೆಟ್ಟೈತ್ರಿ ಸರ್.”

ವಿಜಯೇಂದ್ರ ಎದ್ದು ಬಾಗಿಲು ಮುಚ್ಚಿ ಬಂದು ಕೂತರು. “ಹಾಗಂತ ಯಾರು ಬರೆದಿದ್ದಾರೆ?”

“ಯಾರೂ ಬರದಿಲ್ರಿ.”

“ಹಾಗಾದ್ರೆ ಕೆಟ್ಟಿಲ್ಲ. ನೋಡಿ, ಇವತ್ತು ಕೆಟ್ಟಿದೆ ಅಂತ ಬರೆದ್ರೆ ಯಾವತ್ತಿಂದ ಅಂತ ಕೇಳ್ತಾರೆ. ಎರಡೂವರೆ ವರ್ಷದಿಂದ ಅಂದ್ರೆ, ಪುಟದ ಕೆಳಗೆ ಸಹಿ ಯಾರದು ಅಂತ ಕೇಳ್ತಾರೆ. ಅದು ನನ್ನದು. ಅದರ ಮೇಲಿಂದು ಯಾರದು?”

“ನಂದ್ರಿ.”

“ನೋಡಿದ್ರಾ, ನಾನು ಹೇಳ್ತಿರೋದು ನಿಮ್ಮ ಒಳ್ಳೇದಕ್ಕೆ.”

“ಒಡದರ ಏನ್ ಮಾಡೂದ್ರಿ?”

“ಆಗ ಶಿಫ್ಟಲ್ಲಿ ಯಾರಿರ್ತಾರೋ ಅವರನ್ನ ಕೇಳೋಣ.”

ಮನೆಗೆ ಬಂದ ಹನುಮಂತ ಊಟದ ಮುಂದೆ ಕೂತು ಇದನ್ನೆಲ್ಲ ಹೆಂಡತಿಗೆ ಹೇಳಿದ. ನೀಲಾಂಬಿಕಾ ಅಕ್ಕಪಕ್ಕದವರ ಸೀರೆಗೆ ಫಾಲ್ಸ್ ಹಚ್ಚುತ್ತಿದ್ದವಳು, ಸೂಜಿಯಿಂದ ಕಣ್ಣೆತ್ತಲಿಲ್ಲ.

“ಅವರಿಗೆ ಐದ್ ಸಾವಿರ ಕಾಣಬೇಕು, ಹೌದಲ್ರಿ? ನೂರಾ ಎಂಬತ್ತೆಂಟ್ ತಾಸಂದ್ರ ಎಂಟ್ ದಿನಾನೂ ಪೂರಾ ಇಲ್ಲ. ಕೆಟ್ಟಿತ್ತು ಅಂತ ಯಾಕ ಹೇಳಾಕ ಹೋಗತೀರಿ? ಸುಮ್ನ ಚಾಲೂ ಮಾಡ್ರಿ.”

“ಎರಡೂವರಿ ವರ್ಷ ನಿಂತಿದ್ದು ಒಮ್ಮಿಂದೊಮ್ಮೆಲೆ ಓಡಿದ್ರ ಯಾರರೆ ನೋಡೂದಿಲ್ಲೇನ?”

“ನಿಂತಾಗ ಯಾರರೆ ನೋಡಿದ್ರೇನ್ರಿ?”

ಹನುಮಂತ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೆಂಡತಿಯನ್ನು ನೋಡಿದ. ಮುಖ್ಯ ಕಚೇರಿಯಲ್ಲಿ ಇಂಥವರೊಬ್ಬರಿದ್ದಿದ್ದರೆ ಎಂದುಕೊಂಡ. ಇದ್ದಿದ್ದರೆ ಅವರನ್ನೂ ಎಲ್ಲಿಗಾದರೂ ವರ್ಗ ಮಾಡಿರುತ್ತಿದ್ದರು.

ಸೋಮವಾರ, ಎಂಟನೇ ತಾರೀಖು, ಮಧ್ಯಾಹ್ನ ಎರಡಕ್ಕೆ ಶಿಫ್ಟಿಗೆ ಬಂದವನೇ ಅವನು ಪ್ಯಾನೆಲ್ ಪೆಟ್ಟಿಗೆ ತೆಗೆದ. ಮೀಟರಿನ ಹಿಂದೆ ಒಂದು ಹಲ್ಲಿ ಸುಟ್ಟು ಒಣಗಿ ಹಪ್ಪಳವಾಗಿತ್ತು. ಅದರ ಬಾಲದ ಹತ್ತಿರ ವೈರೊಂದು ಕಳಚಿತ್ತು. ಒಂದು ಕೇಂದ್ರ ಸಂಸ್ಥೆಯ ನಿರ್ವಹಣೆಯ ವೇಳಾಪಟ್ಟಿಯನ್ನು ಇಷ್ಟು ಕಾಲ ತಡೆದು ನಿಲ್ಲಿಸಿದ್ದು ಆ ಜೀವಿ. ಹಲ್ಲಿ ತೆಗೆದು, ವೈರ್ ಕೆರೆದು, ಸ್ಕ್ರೂ ಬಿಗಿ ಮಾಡಲು ಎರಡು ನಿಮಿಷ ಹಿಡಿಯಿತು. ಮೂರಕ್ಕೆ ಮೀಟರ್ 4813 ತೋರಿಸಿತು. ಹನುಮಂತ ಅದನ್ನು ದುಂಡಗೆ ಬರೆದ.

ಮರುದಿನ ಎರಡಕ್ಕೆ ಬಂದು ಪುಸ್ತಕ ತೆಗೆದರೆ, ತನ್ನ ಎಂಟು ಸಾಲುಗಳಾದ ಮೇಲೆ ಕಂಪ್ರೆಸರಿಗೆ ಮತ್ತೆ ಹರೆಯ ಬಂದಿತ್ತು. ರಾತ್ರಿ ಪಾಳಿಯ ವೇಣುಗೋಪಾಲ ಎಂಟು ಸಲ 4812 ಬರೆದಿದ್ದ. ಆತ ಇಡೀ ಪಾಳಿಯ ಅಂಕಿಗಳನ್ನು ಬಂದ ತಕ್ಷಣ ಬರೆದು ಮಲಗುವ ಶಿಸ್ತಿನ ಮನುಷ್ಯ. ಬೆಳಗಿನ ಪಾಳಿಯ ಮೂರನೇ ಆಪರೇಟರ್ ಖೋಬ್ರಾಗಡೆ ಎಚ್ಚರವಾಗಿದ್ದೇ 4812 ಬರೆದಿದ್ದ. ಮೀಟರ್ 4836 ತೋರಿಸುತ್ತಿತ್ತು. ಕೆಳಗೆ ಹಸಿರು ಸಹಿ ಬಿದ್ದಾಗಿತ್ತು.

ಕೈ ತೊಳೆಯುತ್ತಿದ್ದ ಖೋಬ್ರಾಗಡೆಯನ್ನು ಹನುಮಂತ ತಡೆದ. ಇಬ್ಬರೂ ಮಾತಾಡುವುದು ಮರಾಠಿ ಬೆರೆತ ಹಿಂದಿಯಲ್ಲಿ.

“ಭಾವು, ಮೀಟರ್ ನೋಡಿ ಬರೆದೆಯಾ?”

“ಮೀಟರ್ ಏನು ನೋಡುವುದು? ನನ್ನ ಮದುವೆಯ ತಾರೀಖು ಮರೆತೇನು, ಅದನ್ನು ಮರೆಯಲ್ಲ.”

“ಈಗ ಓಡುತ್ತಿದೆ. ಹೋಗಿ ನೋಡು.”

ಖೋಬ್ರಾಗಡೆ ಒದ್ದೆ ಕೈಯಲ್ಲೇ ಹೋಗಿ ನೋಡಿ ಬಂದ. “ಯಾರು ಈ ಪಾಪ ಮಾಡಿದ್ದು?”

“ನಾನೇ. ಐದು ಸಾವಿರ ಆಗಲಿ, ಬಿಚ್ಚಿಸೋಣ. ಇಲ್ಲದಿದ್ದರೆ ತಮ್ಮಯ್ಯನ ಪಕ್ಕ ಇನ್ನೊಬ್ಬ ಸ್ಕೂಟರ್ ನಿಲ್ಲಿಸಬೇಕಾಗುತ್ತದೆ. ಅದು ನೀನೋ ನಾನೋ ಗೊತ್ತಿಲ್ಲ.”

ಖೋಬ್ರಾಗಡೆ ಪುಸ್ತಕ ಎಳೆದುಕೊಂಡ. ತನ್ನ ಎಂಟು ಸಾಲುಗಳನ್ನೂ ವೇಣುಗೋಪಾಲನ ಎಂಟನ್ನೂ ಬ್ಲೇಡಿನಿಂದ ಕೆರೆದು ಹೊಸ ಅಂಕಿ ಬರೆದ. ಸುಳ್ಳನ್ನು ಅಳಿಸಿ ನಿಜ ಬರೆದ ಕಲೆ ಆ ಪುಟದಲ್ಲಿ ಈಗಲೂ ಕಾಣುತ್ತದೆ. ವೇಣುಗೋಪಾಲನಿಗೆ ಮೇ ಕೊನೆಗೆ ನಿವೃತ್ತಿ. “ನನ್ನದೇನಿದೆ, ನೀವು ಹೇಳಿದ ನಂಬರ್ ಬರೆಯುತ್ತೇನೆ,” ಎಂದು ಆತ ಅವತ್ತಿನಿಂದ ಎಂಟು ಹೊಸ ಅಂಕಿಗಳನ್ನು ಮುಂಗಡವಾಗಿ ಬರೆದು ಮಲಗತೊಡಗಿದ.

ಎಂಟು ದಿನ ಹನುಮಂತ ಆ ಯಂತ್ರವನ್ನು ತುಂಬಿದ ಬಸುರಿಯಂತೆ ನೋಡಿಕೊಂಡ. ಶಿಫ್ಟಿಗೊಮ್ಮೆ ಸ್ಕ್ರೂಡ್ರೈವರಿಗೆ ಕಿವಿಯಿಟ್ಟ. ಚಮಚದ ಸದ್ದು ಸೌಟಿನದಾಯಿತು. ನಡುವೆ ಕರೆಂಟು ಹೋಗಿ ಎರಡು ತಾಸು ವ್ಯರ್ಥವಾದವು. ಮುಂದಿನ ವಾರ ಅವನಿಗೆ ಬೆಳಗಿನ ಪಾಳಿ ಬಂತು. ಹದಿನಾರನೇ ತಾರೀಖು ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಮೀಟರಿನ ನಾಲ್ಕೂ ಚಕ್ರ ಒಟ್ಟಿಗೆ ಹೊರಳಿದವು. ಹನುಮಂತ ಪುಸ್ತಕ ಎತ್ತಿಕೊಂಡು ನೇರ ಮ್ಯಾನೇಜರ ಕೋಣೆಗೆ ಹೋದ.

“ಐದ್ ಸಾವಿರ ಆತ್ರಿ ಸರ್.”

ವಿಜಯೇಂದ್ರ ಪುಸ್ತಕ ನೋಡಿದರು. “ಹೇಗಾಯ್ತು?”

“ಓಡಿತ್ರಿ.”

“ಇದು ಯಾವಾಗಿಂದ…” ಎಂದು ಅವರು ಪುಟ ಹಿಂದಕ್ಕೆ ತಿರುವಿದರು. 4980ರ ಕೆಳಗೆ ಹಸಿರು ಸಹಿ. 4950ರ ಕೆಳಗೆ ಹಸಿರು ಸಹಿ. 4890, ಹಸಿರು ಸಹಿ. ಅವರು ಓದಿದ್ದರೆ ಮೊದಲ ದಿನವೇ ತಡೆಯಬಹುದಿತ್ತು.

“ನೀವು ದಿನಾ ಚೆಕ್ ಮಾಡೀರಲ್ರಿ,” ಎಂದ ಹನುಮಂತ.

ವಿಜಯೇಂದ್ರ ಪುಸ್ತಕ ಮುಚ್ಚಿ ಬದಿಗಿಟ್ಟರು. ಆಮೇಲೆ ಮುಖ್ಯ ಕಚೇರಿಗೆ ಫೋನ್ ಮಾಡಿ, ಎರಡನೇ ಕಂಪ್ರೆಸರ್ ಐದು ಸಾವಿರ ಮುಟ್ಟಿದ ಕ್ಷಣವೇ ನಿಲ್ಲಿಸುವ ತೀರ್ಮಾನ ತೆಗೆದುಕೊಂಡಿರುವುದಾಗಿ, ನಿಯಮವೆಂದರೆ ತಮಗೆ ನಿಯಮವೇ ಎಂದು ಹೇಳಿದರು.

ಯಂತ್ರ ಬಿಚ್ಚಿದರು. ಎಣ್ಣೆ ಡಾಂಬರಿನಂತೆ ಇಳಿಯಿತು. ಮೂರನೇ ಸಿಲಿಂಡರಿನ ವಾಲ್ವ್ ತಟ್ಟೆ ಎರಡು ಕಡೆ ಸೀಳಿ, ಬೆರಳಗಲದ ಚೂರೊಂದು ಜೋತಾಡುತ್ತಿತ್ತು. ಹನುಮಂತ ಅದನ್ನು ಉಗುರಿನಿಂದ ಮುಟ್ಟಿದ; ಕೈಗೇ ಬಂತು. ಖೋಬ್ರಾಗಡೆ ಅದನ್ನು ಇಸಿದುಕೊಂಡು ತಿರುಗಿಸಿ ನೋಡಿದ.

“ಇನ್ನೆಷ್ಟು ದಿನ ತಡೀತಿತ್ತು?”

“ವಾರ.”

“ಮುಂದಿನ ವಾರ ಮಧ್ಯಾಹ್ನದ ಪಾಳಿ ನನ್ನದು,” ಎಂದು ಖೋಬ್ರಾಗಡೆ ಹೊಸ ತಟ್ಟೆಯ ಡಬ್ಬ ಬಿಚ್ಚತೊಡಗಿದ.

ನಾಲ್ಕು ದಿನದಲ್ಲಿ ಯಂತ್ರ ಹೊಸ ತಟ್ಟೆ, ಹೊಸ ಎಣ್ಣೆಯೊಂದಿಗೆ ಬೆಕ್ಕಿನಂತೆ ಗುರುಗುಟ್ಟತೊಡಗಿತು. ಏಪ್ರಿಲ್‌ನಲ್ಲಿ ಸಿವಿಲ್ ಲೈನ್ಸಿನಿಂದ ಒಂದು ಲಕೋಟೆ ಬಂತು. ಅದರಲ್ಲಿ ಎರಡು ಪತ್ರ. ಮೊದಲನೆಯದು ವಿಜಯೇಂದ್ರರಿಗೆ: ನಿಗದಿತ ತಾಸಿಗೆ ಸರಿಯಾಗಿ ನಿರ್ವಹಣೆ ನಡೆಸಿದ್ದಕ್ಕೆ ಮೆಚ್ಚುಗೆ. ಎರಡನೆಯದು ಹನುಮಂತನಿಗೆ: ಎರಡೂವರೆ ವರ್ಷ ಒಂದು ತಾಸೂ ಓಡದೆ ಸುರಕ್ಷಿತವಾಗಿದ್ದ ಕಂಪ್ರೆಸರನ್ನು ದಿನಾಂಕ 8-3-99ರಿಂದ ಎಂಟು ದಿನಗಳಲ್ಲಿ 188 ತಾಸು ಎಡೆಬಿಡದೆ ಓಡಿಸಿ, ಅಕಾಲದಲ್ಲಿ ರಿಪೇರಿಯ ಖರ್ಚಿಗೆ ಕಾರಣನಾಗಿದ್ದೀಯೆ, ಏಕೆ ಕ್ರಮ ಕೈಗೊಳ್ಳಬಾರದು? 4813 ಎಂಬ ಮೊದಲ ಅಂಕಿ ಅವನ ಕೈಬರಹದಲ್ಲಿತ್ತು. ತಪ್ಪಿತಸ್ಥನನ್ನು ಹುಡುಕಲು ಅವರು ಕಷ್ಟಪಡಬೇಕಾಗಿರಲಿಲ್ಲ. ಎರಡೂವರೆ ವರ್ಷ ಯಾವ ಕಂಪ್ರೆಸರ್ ಎರಡು ಲಕ್ಷ ಚೀಲ ಮೆಣಸಿನಕಾಯಿಯನ್ನು ತಂಪಾಗಿಟ್ಟಿತೆಂದು ಅಲ್ಲಿ ಯಾರೂ ಕೇಳಿಕೊಂಡಿರಲಿಲ್ಲ.

ವಿಜಯೇಂದ್ರ ಅವನನ್ನು ಕರೆಸಿ ಚಹಾ ತರಿಸಿದರು. ಅಂದರೆ ವಿಷಯ ಕೆಟ್ಟದ್ದೇ.

“ಬೇಜಾರು ಮಾಡ್ಕೋಬೇಡಿ. ಒಳಗೊಳಗೆ ಮಾತಾಡಿದ್ದೀನಿ. ಇನ್ನು ಮುಂದೆ ಆ ಮೀಟರ್ ತಿಂಗಳಿಗೆ ನೂರು ತಾಸು ದಾಟಬಾರದು ಅಂತ ಆರ್ಡರ್ ಆಗಿದೆ. ದಾಟದ ಹಾಗೆ ಮಾಡೋದು ನಿಮಗೆ ಗೊತ್ತಿದೆ, ಒಂದು ವೈರಿನ ಕೆಲಸ. ಅದು ಮಾಡ್ಕೊಡಿ, ತಪ್ಪಾಯ್ತು ಅಂತ ಎರಡು ಸಾಲು ಬರೀರಿ. ನಿಮ್ಮ ಶಿಫ್ಟು ನಿಮಗೇ.”

“ಮಾಡದಿದ್ರ?”

“ಮಾಡದಿದ್ರೆ ಮಷೀನ್ ರೂಮಿಂದ ತೆಗೆದು ಗೇಟಿಗೆ ಹಾಕಿ ಅಂದಿದ್ದಾರೆ. ಚೀಲ ಎಣಿಸೋ ಕೆಲಸ ಕಣ್ರೀ. ಹದಿನಾಲ್ಕು ವರ್ಷ ಕಂಪ್ರೆಸರ್ ನೋಡಿದೋರು ನೀವು. ನಮ್ಮೋರು ಅಂತ ಹೇಳ್ತಿದ್ದೀನಿ.”

ಹನುಮಂತ ಚಹಾ ಮುಗಿಸಿದ. ವೈರ್ ಕಳಚಿದರೆ ಅವನಿಗೆ ಯಂತ್ರ ಉಳಿಯುತ್ತಿತ್ತು. ಎರಡು ವರ್ಷವಾದ ಮೇಲೆ ಅದು ಸದ್ದು ಮಾಡುವಾಗ ಅದರ ಮುಂದೆ ಇವನೂ ಇರುತ್ತಿದ್ದ. ಮೀಟರ್ ಕೆಟ್ಟಿತ್ತೆಂದು ಬರೆದುಕೊಟ್ಟರೆ ಮೇ ತಿಂಗಳಲ್ಲಿ ನಿವೃತ್ತನಾಗುವ ವೇಣುಗೋಪಾಲನ ಪಿಂಚಣಿಯಿಂದ ಹಿಡಿದು ತನ್ನ ನೌಕರಿಯವರೆಗೆ ಎಲ್ಲವೂ ಅದೇ ಲಕೋಟೆಯಲ್ಲಿ ಹೋಗುತ್ತಿದ್ದವು. ಅವನು ಕಾಗದ ಕೇಳಿ ತೆಗೆದುಕೊಂಡು, ಸದರಿ ಕಂಪ್ರೆಸರನ್ನು ಸದರಿ ದಿನಾಂಕಗಳಲ್ಲಿ ತಾನು ಓಡಿಸಿದ್ದು ನಿಜವೆಂದು ಒಂದೇ ಸಾಲು ಬರೆದು ಸಹಿ ಹಾಕಿದ. ಆ ಕಚೇರಿಯಿಂದ ಎರಡೂವರೆ ವರ್ಷದಲ್ಲಿ ಹೊರಬಿದ್ದ ಕಾಗದಗಳಲ್ಲಿ ತಕರಾರಿಲ್ಲದ್ದು ಅದೊಂದೇ.

“ತಪ್ಪಾಯ್ತು ಅಂತ ಬರೆದಿಲ್ಲವಲ್ರೀ?”

“ಇಲ್ರಿ. ನಾ ಗೇಟಿಗೆ ಹೊಕ್ಕೀನ್ರಿ.”

“ಯೋಚನೆ ಮಾಡಿ ಹನುಮಂತ. ಅಲ್ಲೇನಿದೆ?”

“ಚೀಲಾ ಒಡದ್ರ ಮಿರ್ಚಿ ಬೀಳತಾವ್ರಿ ಸರ್. ಅಷ್ಟ.”

ಮರುದಿನ ಬೆಳಿಗ್ಗೆ ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಭಿವಾಪುರದಿಂದ ಬಂದ ಮೆಣಸಿನಕಾಯಿ ಲಾರಿಯ ಮುಂದೆ ನಿಂತು, ಅವನು ಒಂದರಿಂದ ಎಣಿಸತೊಡಗಿದ.